ಬಾಯಿ ನೋಡಿ ಗುರುತಿಸಿ: ರೀಫ್ ಟ್ಯಾಂಕಿನ ಅಕಶೇರುಕಗಳು

ಲೈವ್ ರಾಕ್, ಅಂದರೆ ಜೀವಿಗಳು ತುಂಬಿದ ಸಮುದ್ರದ ಕಲ್ಲು, ಹಾಕಿ ಹವಳ ಸಾಕುವ ಉಪ್ಪುನೀರಿನ ಟ್ಯಾಂಕಿನಲ್ಲಿ ನೀವು ಕೊಂಡು ತಂದ ಜೀವಿಗಳಿಗಿಂತ ಕೇಳದೆ ಬಂದು ಸೇರಿಕೊಂಡವೇ ಹೆಚ್ಚು. ಕಲ್ಲಿನ ತೂತಿನಲ್ಲಿ, ಹವಳದ ಬುಡದಲ್ಲಿ, ಬಸವನಹುಳುವಿನ ಚಿಪ್ಪಿನ ಮೇಲೆ ಹುಳು, ಏಡಿ, ಉಗುರಿನಷ್ಟಗಲದ ನಕ್ಷತ್ರಮೀನು ಎಲ್ಲವೂ ಜೊತೆಯಲ್ಲೇ ಬಂದುಬಿಡುತ್ತವೆ. ಹೊಸದೇನಾದರೂ ಕಣ್ಣಿಗೆ ಬಿದ್ದ ಕೂಡಲೇ ಹೆಚ್ಚಿನವರು ಕೇಳುವುದು "ಇದನ್ನು ತೆಗೆದುಹಾಕಲಾ?" ಅಂತ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇದು ಏನು ತಿನ್ನುತ್ತದೆ? ಅದು ಗೊತ್ತಾದರೆ ಈ ಜೀವಿಯನ್ನು ಇಟ್ಟುಕೊಳ್ಳಬಹುದೋ ಬೇಡವೋ ತಾನೇ ತೀರ್ಮಾನವಾಗುತ್ತದೆ. ದುಡ್ಡು ಕೊಟ್ಟು ತರುವ ಜೀವಿಯ ವಿಷಯದಲ್ಲೂ ಇದೇ ಪ್ರಶ್ನೆ ಮುಖ್ಯ. ಅಕಶೇರುಕಗಳು, ಅಂದರೆ ಬೆನ್ನೆಲುಬಿಲ್ಲದ ಈ ಜೀವಿಗಳು, ಸಾಯಲು ದೊಡ್ಡ ಕಾರಣಗಳು ಎರಡು: ಉಪ್ಪಿನಂಶ ತಟ್ಟನೆ ಬದಲಾಗುವುದು ಮತ್ತು ಹಸಿವು. ಹಸಿವು ತಿಂಗಳುಗಟ್ಟಲೆ ಎಳೆದು ಕೊಲ್ಲುವುದರಿಂದ ಕೊನೆಗೆ ತಪ್ಪು ನೀರಿನ ತಲೆಗೆ ಬರುತ್ತದೆ.

ರಾತ್ರಿ ನೋಡಬೇಕು

ದೀಪ ಆರಿ ಎರಡು ಗಂಟೆ ಕಳೆದ ಮೇಲೆ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ನೋಡಿ. ಹೆಚ್ಚಿನ ಅಕಶೇರುಕಗಳಿಗೆ ಕೆಂಪು ಬೆಳಕು ಸರಿಯಾಗಿ ಕಾಣಿಸದ ಕಾರಣ ಅವು ಓಡಿ ಅಡಗಿಕೊಳ್ಳುವುದಿಲ್ಲ. ಹಗಲು ಹೊತ್ತಿನಲ್ಲಿ ಒಂದು ಜೀವಿ ಎಲ್ಲಿ ಕೂತಿದೆ ಎಂಬುದಕ್ಕಿಂತ ರಾತ್ರಿ ಯಾವುದರ ಮೇಲೆ ಕೂತು ಏನನ್ನು ಮೇಯುತ್ತಿದೆ ಎಂಬುದೇ ಸರಿಯಾದ ಸಾಕ್ಷಿ.

ಏಡಿಗಳನ್ನೇ ತೆಗೆದುಕೊಳ್ಳಿ. ಬಣ್ಣ ನೋಡಿ ಏಡಿಯನ್ನು ಗುರುತಿಸಲು ಹೋದರೆ ಮೋಸ ಹೋಗುತ್ತೀರಿ, ಮುಂಗಾಲಿನ ಇಕ್ಕಳ ನೋಡಿ. ಎಮರಾಲ್ಡ್ ಏಡಿಯ ಇಕ್ಕಳದ ತುದಿ ಚಪ್ಪಟೆಯಾಗಿ ಚಮಚದ ಹಾಗೆ ಒಳಕ್ಕೆ ಕುಳಿಬಿದ್ದಿರುತ್ತದೆ. ಅದು ಪಾಚಿ ಕಿತ್ತು ತಿನ್ನುವುದಕ್ಕಾಗಿ ಇರುವ ಆಕಾರ, ಗುಳ್ಳೆ ಪಾಚಿಯನ್ನೂ ಅದು ಒಡೆದು ತಿನ್ನುತ್ತದೆ. ಮೈತುಂಬ ರೋಮ, ದಪ್ಪ ಇಕ್ಕಳ, ಚೂಪಾದ ಕಪ್ಪು ತುದಿ ಇದ್ದರೆ ಅದು ಗೊರಿಲ್ಲಾ ಏಡಿ ಎಂದು ಕರೆಯುವ ಗುಂಪಿನದು. ಹವಳ, ಬಸವನಹುಳು, ನಿದ್ದೆಯಲ್ಲಿರುವ ಸಣ್ಣ ಮೀನು ಯಾವುದನ್ನೂ ಅದು ಬಿಡುವುದಿಲ್ಲ. ಆದರೆ ಕಪ್ಪು ತುದಿ ಕಂಡಿತು ಅಂತ ಅಕ್ರೊಪೊರಾ, ಪೊಸಿಲೊಪೊರಾ ಹವಳಗಳ ಕೊಂಬೆ ನಡುವೆ ಇರುವ ನುಣುಪಾದ ಪುಟ್ಟ ಏಡಿಯನ್ನು ಕಿತ್ತುಹಾಕಬೇಡಿ. ಅದು ಟ್ರಪೀಜಿಯಾ ಜಾತಿಯ ಅಥವಾ ಅದರ ಹತ್ತಿರದ ಏಡಿ. ಹವಳದ ಲೋಳೆ ತಿಂದುಕೊಂಡು, ಹವಳದ ಮೇಲೆ ಬೀಳುವ ಮರಳಿನ ಕಣವನ್ನು ತಳ್ಳುತ್ತ, ಹವಳ ತಿನ್ನಲು ಬಂದವುಗಳನ್ನು ಓಡಿಸುತ್ತ ಇರುತ್ತದೆ. ರೋಮ ಇದೆಯೇ, ಎಲ್ಲಿ ವಾಸ ಎಂಬ ಎರಡನ್ನೂ ಸೇರಿಸಿಯೇ ತೀರ್ಮಾನಿಸಿ.

ಕೆಟ್ಟ ಏಡಿಯನ್ನು ಹಿಡಿಯಲು ಉದ್ದನೆಯ ಗಾಜಿನ ಲೋಟದೊಳಗೆ ಸಿಗಡಿಯ ತುಂಡು ಹಾಕಿ, ಬಾಯಿಯನ್ನು ಕಲ್ಲಿಗೆ ಆನಿಸಿ ಓರೆಯಾಗಿಡಿ. ಇಳಿದ ಏಡಿಗೆ ನುಣುಪಾದ ಗಾಜು ಹತ್ತಿ ಹೊರಬರಲಾಗದು. ಬೆಳಗಾಗುವ ಮೊದಲೇ ತೆಗೆದುಬಿಡಿ, ಇಲ್ಲವಾದರೆ ಉಳಿದ ತುಂಡು ನೀರು ಕೆಡಿಸುತ್ತದೆ.

ಕಲ್ಲಿನಿಂದ ಟಕ್ ಟಕ್ ಸದ್ದು ಬಂದರೆ ಮ್ಯಾಂಟಿಸ್ ಸಿಗಡಿ ಇರಬಹುದು, ಪಿಸ್ತೂಲ್ ಸಿಗಡಿಯೂ ಇರಬಹುದು. ಒಂದು ಇಕ್ಕಳ ಮಾತ್ರ ಮೈಗೆ ಮೀರಿ ದೊಡ್ಡದಾಗಿದ್ದರೆ ಪಿಸ್ತೂಲ್. ಅದನ್ನು ಇರಲು ಬಿಡಬಹುದು. ಕಡ್ಡಿಯ ತುದಿಯಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗುವ ಕಣ್ಣು ಕಂಡರೆ ಮ್ಯಾಂಟಿಸ್. ಆ ಕಲ್ಲನ್ನು ಹೊರತೆಗೆದು ಬಕೆಟ್ಟಿನ ಮೇಲೆ ಹಿಡಿದು, ತೂತಿನೊಳಗೆ ಸಿರಿಂಜಿನಿಂದ ಸೋಡಾನೀರು ಬಿಡಿ. ಹೊರಗೆ ಬರುತ್ತದೆ. ಬೆರಳು ಹಾಕಬೇಡಿ.

ಹುಳುಗಳ ಬಗ್ಗೆ ಇರುವ ಭಯ ಅತಿಯಾಯಿತು ಅನ್ನಿಸುತ್ತದೆ. ಬದಿಗಳಲ್ಲಿ ಬಿರುಗೂದಲಿನ ಸಾಲಿರುವ ಗುಲಾಬಿ ಬಣ್ಣದ ಬ್ರಿಸಲ್ ಹುಳು ಉಳಿದ ಆಹಾರವನ್ನೂ ಸತ್ತದ್ದನ್ನೂ ತಿಂದು ಟ್ಯಾಂಕನ್ನು ಶುಚಿಯಾಗಿಡುತ್ತದೆ. ಅವುಗಳ ಸಂಖ್ಯೆ ಏರಿದರೆ ನೀವು ಹೆಚ್ಚು ಆಹಾರ ಹಾಕುತ್ತಿದ್ದೀರಿ ಎಂದರ್ಥ, ಕಡಿಮೆ ಮಾಡಿ. ಹವಳ ತಿನ್ನುವ ಬೆಂಕಿಹುಳು, ಅಂದರೆ ಹರ್ಮೊಡೈಸ್, ಬೇರೆಯೇ. ಅದರ ಬಿಳಿ ಕೂದಲು ಕುಚ್ಚಿನಂತೆ ಕೆದರುತ್ತದೆ, ಜೊತೆಗೆ ಕೆಂಪು ಕಿವಿರುಗಳಿರುತ್ತವೆ, ತಲೆಯ ಮೇಲೆ ಮಡಿಕೆ ಮಡಿಕೆಯಾದ ಮಾಂಸಲ ಉಬ್ಬು ಕಾಣುತ್ತದೆ. ಯಾವುದರ ಕೂದಲು ಚುಚ್ಚಿದರೂ ಉರಿಯುತ್ತದೆ. ಅಂಟುಪಟ್ಟಿ ಒತ್ತಿ ಎಳೆದು ಕೂದಲು ತೆಗೆದು, ಆಮೇಲೆ ವಿನಿಗರ್ ಹಚ್ಚಿ.

ಸಣ್ಣ ಬಸವನಹುಳುಗಳಲ್ಲಿ ಆಗುವ ಗೊಂದಲವೇ ಬೇರೆ. ಗುಂಡಗೆ 3–5 ಮಿಲಿಮೀಟರ್ ಇರುವ ಕೊಲೊನಿಸ್ಟಾ ರಾತ್ರಿ ಗಾಜಿನ ಮೇಲೆ ನೂರಾರು ಕಂಡರೂ ಮೇಯುವುದು ಪಾಚಿಯನ್ನು ಮಾತ್ರ. ಚಪ್ಪಟೆ ಚಿಪ್ಪು ಹೊತ್ತು ಸರಸರ ಓಡುವ ಸ್ಟೊಮಟೆಲ್ಲಾವೂ ಹಾಗೆಯೇ. ಅದನ್ನು ಹಿಡಿಯಲು ಹೋದರೆ ಪಾದದ ಹಿಂತುದಿಯನ್ನು ಕಳಚಿ ಬಿಟ್ಟು ಓಡುತ್ತದೆ. ಅಪಾಯ ಇರುವುದು ಅಕ್ಕಿಕಾಳಿನ ಹಾಗೆ ಬೆಳ್ಳಗೆ, ಉದ್ದಕ್ಕೆ, ಚೂಪಾಗಿರುವ ಪಿರಮಿಡೆಲ್ಲಿಡ್ ಬಸವನಹುಳುವಿನಲ್ಲಿ. ಅದು ಪಾಚಿ ಮುಟ್ಟುವುದಿಲ್ಲ. ಟ್ರೈಡಕ್ನಾ ಎಂಬ ದೈತ್ಯ ಕಡಲ ಚಿಪ್ಪಿಯ ಅಂಚಿನಲ್ಲೋ ಟರ್ಬೊ ಬಸವನಹುಳುವಿನ ಚಿಪ್ಪಿನ ಬಾಯಿಯ ಹತ್ತಿರವೋ ಗುಂಪಾಗಿ ಕೂತು, ಸೊಂಡಿಲು ಚಾಚಿ ಮೈದ್ರವ ಹೀರುತ್ತದೆ. ಸಣ್ಣ ಬಸವನಹುಳು ಗಾಜಿನ ಮೇಲೆ ಕಂಡರೆ ಗಾಬರಿ ಬೇಡ, ಚಿಪ್ಪಿಯ ಅಂಚಿನಲ್ಲಿ ಕಂಡರೆ ಆ ರಾತ್ರಿಯೇ ಚಿಪ್ಪಿಯನ್ನೆತ್ತಿ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮೊಟ್ಟೆಯ ಲೋಳೆ ಚಿಪ್ಪಿಗೇ ಅಂಟಿಕೊಂಡಿರುವುದರಿಂದ ಕೆಲವು ವಾರ ಇದನ್ನೇ ಮತ್ತೆ ಮತ್ತೆ ಮಾಡಬೇಕು.

ಐಪ್ಟೇಸಿಯಾ ಮತ್ತು ವರ್ಮೆಟಿಡ್

ಕಂದು ಬಣ್ಣದ ತೆಳು ಕಾಂಡ, ತುದಿಯಲ್ಲಿ ಉದ್ದನೆಯ ಎಳೆಗಳು, ಮುಟ್ಟಿದರೆ ಚಕ್ಕನೆ ತೂತಿನೊಳಗೆ ಮಾಯ: ಇದು ಕಳೆಯಂತೆ ಹಬ್ಬುವ ಐಪ್ಟೇಸಿಯಾ ಅನಿಮೋನಿ, ಅಂದರೆ ಹೂವಿನಂಥ ಕಡಲ ಪ್ರಾಣಿ. ಇದನ್ನು ಕೆರೆದು ತೆಗೆಯುವುದೇ ಎಲ್ಲಕ್ಕಿಂತ ಕೆಟ್ಟ ಉಪಾಯ. ಬುಡದ ಒಂದು ಚೂರು ಉಳಿದರೂ ಅದರಿಂದ ಹೊಸ ಅನಿಮೋನಿ ಬೆಳೆಯುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಗೆ ಸ್ವಲ್ಪವೇ ಆರ್‌ಒ ನೀರು ಸೇರಿಸಿ ಸಿರಿಂಜಿನಲ್ಲಿ ಹೋಗುವಷ್ಟು ಗಟ್ಟಿಯಾಗಿ ಕಲಸಿ. ಪಂಪುಗಳನ್ನು ನಿಲ್ಲಿಸಿ, ಎಳೆಗಳಿಗೆ ತಾಗದಂತೆ ನಿಧಾನವಾಗಿ ಬಾಯಿಯ ಮೇಲೆ ಬಿಡಿ, ಅದು ಒಳಕ್ಕೆಳೆದುಕೊಳ್ಳುತ್ತದೆ. ತೂತನ್ನೂ ಅದೇ ಕಲಸಿದ ಮುದ್ದೆಯಿಂದ ಮುಚ್ಚಿ 15 ನಿಮಿಷ ಬಿಟ್ಟು ಪಂಪು ಹಾಕಿ. ಒಂದೇ ದಿನ ಎಲ್ಲವನ್ನೂ ಮುಗಿಸಲು ಹೋದರೆ ಪಿಎಚ್ ಜಿಗಿಯುತ್ತದೆ. ಚಿಕ್ಕ ಟ್ಯಾಂಕಾದರೆ ದಿನಕ್ಕೆ ಮೂರೋ ನಾಲ್ಕೋ ಸಾಕು. ಈ ಪುಡಿ ಕಣ್ಣಿಗೂ ಚರ್ಮಕ್ಕೂ ಸುಡುವಂಥದ್ದು, ಕೈಗವಸು ಕನ್ನಡಕ ಬಿಡಬೇಡಿ.

ಪೆಪ್ಪರ್‌ಮಿಂಟ್ ಸಿಗಡಿ ಸಣ್ಣ ಐಪ್ಟೇಸಿಯಾ ತಿನ್ನುತ್ತದೆ. ಆದರೆ ಅದರ ಹೆಸರಿನಲ್ಲಿ ಒಂಟೆ ಸಿಗಡಿಯೂ ಮಾರಾಟವಾಗುತ್ತದೆ, ಇದು ಜೋವಾಂತಿಡ್, ಮಶ್ರೂಮ್ ಹವಳಗಳನ್ನು ಕಿತ್ತು ತಿನ್ನುವಂಥದ್ದು. ಪೆಪ್ಪರ್‌ಮಿಂಟ್ ಮೈಯಲ್ಲಿ ಪಾರದರ್ಶಕವಾದ ತಿಳಿಬಣ್ಣದ ಮೇಲೆ ಕೆಂಪು ಗೆರೆ. ಒಂಟೆ ಸಿಗಡಿಯಲ್ಲಿ ಕೆಂಪಿನ ನಡುವೆ ಬಿಳಿ ಗೆರೆ, ಬಿಳಿ ಚುಕ್ಕೆ, ಬೆನ್ನಿನ ಮೇಲೆ ಎದ್ದು ಕಾಣುವ ಗೂನು, ದೊಡ್ಡ ಕಣ್ಣು. ಐಪ್ಟೇಸಿಯಾ ತುಂಬಾ ಹಬ್ಬಿದ್ದರೆ ಬರ್ಘಿಯಾ ಎಂಬ ಚಿಪ್ಪಿಲ್ಲದ ಪುಟ್ಟ ಕಡಲ ಗೊಂಡೆಹುಳುವೇ ಒಳ್ಳೆಯದು. ಅದು ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಹಾಗಾಗಿ ಐಪ್ಟೇಸಿಯಾ ಮುಗಿದ ದಿನ ಅದಕ್ಕೂ ಊಟ ಮುಗಿಯಿತು. ಅಷ್ಟರೊಳಗೆ ಇನ್ನೊಬ್ಬರ ಟ್ಯಾಂಕಿಗೆ ದಾಟಿಸುವ ಏರ್ಪಾಡು ಮೊದಲೇ ಇರಲಿ. ಪೆಪ್ಪರ್‌ಮಿಂಟ್ ಸಿಗಡಿಯನ್ನೂ ಬರ್ಘಿಯಾವನ್ನೂ ಜೊತೆಗೆ ಬಿಡಬೇಡಿ, ಸಿಗಡಿ ಅದನ್ನೇ ತಿಂದುಬಿಡುತ್ತದೆ.

ವರ್ಮೆಟಿಡ್ ನೋಡಲು ಹುಳುವಿನ ಕೊಳವೆ, ನಿಜದಲ್ಲಿ ಬಸವನಹುಳು. ಕಲ್ಲಿಗೆ ಅಂಟಿದ ಗಟ್ಟಿ ಸುಣ್ಣದ ಕೊಳವೆಯಿಂದ ಜೇಡರ ಬಲೆಯಂಥ ಲೋಳೆ ಎಳೆ ಬಿಟ್ಟು, ಸಿಕ್ಕಿದ್ದನ್ನು ಎಳೆ ಸಮೇತ ನುಂಗುತ್ತದೆ. ಎಳೆ ತಾಗಿದ ಹವಳ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಗರಿಯಂಥ ಕಿರೀಟ ಹೊರಚಾಚಿದರೆ ಅದು ಗರಿಹುಳು, ಹಾಗೇ ಬಿಡಿ. ವರ್ಮೆಟಿಡ್ ಆದರೆ ಕೊಳವೆಯನ್ನು ಇಕ್ಕಳದಿಂದ ಬುಡದವರೆಗೆ ಮುರಿದು, ಉಳಿದ ತೂತಿಗೆ ಜೆಲ್ ರೂಪದ ಸೂಪರ್ ಗ್ಲೂ ಒಂದು ಹನಿ ಇಟ್ಟು ಮುಚ್ಚಿ. ಪುಡಿ ಆಹಾರ ಕಡಿಮೆ ಮಾಡಿದರೆ ಹೊಸವು ಹುಟ್ಟುವುದೂ ತಗ್ಗುತ್ತದೆ.

ಜೋವಾಂತಿಡ್, ಅದೇ ಬಗೆಯ ಪಾಲಿಥೋವಾ ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಒಣಗಿಸಿ ಕೆರೆಯಬೇಡಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಭಾರಿ ವಿಷವಿದೆ. ಆವಿಯನ್ನು ಉಸಿರಾಡಿದವರು ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ.

ನೀರು ಮತ್ತು ಮೊದಲ ಎರಡು ಗಂಟೆ

ನೀರಿನ ಗುರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಉಪ್ಪಿನಂಶ ಸಾವಿರಕ್ಕೆ 35, ಶಾಖ 24–26 ಡಿಗ್ರಿ, ಕ್ಷಾರೀಯತೆ 8–9 ಡಿಕೆಎಚ್, ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1350 ಪಿಪಿಎಂ. ಅಮೋನಿಯಾ, ತಾಮ್ರ ಎರಡೂ ಸೊನ್ನೆ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಸಿಹಿನೀರಿನ ಸೊನ್ನೆಗೆ ಹೊಂದಿಸಿ ಸುಮ್ಮನಾಗದೆ 35ರ ದ್ರಾವಣದಲ್ಲೇ ಸರಿನೋಡಿ. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಸಿಗಡಿ, ಬಸವನಹುಳುಗಳಿಗೆ ನೇರ ವಿಷ. ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ಆಮೇಲೆ ಬಿಡುತ್ತವೆ. ಔಷಧಿ ಏನಿದ್ದರೂ ಬೇರೆ ಟ್ಯಾಂಕಿನಲ್ಲಿ.

ಹೊಸ ಜೀವಿಯನ್ನು ಬಿಡುವಾಗ ಮಾತ್ರ ಅವಸರ ಬೇಡ. ನಕ್ಷತ್ರಮೀನು, ಮೈತುಂಬ ಮುಳ್ಳಿರುವ ಅರ್ಚಿನ್‌ಗಳ ಮೈಯೊಳಗೆ ಹರಿಯುವುದು ಹೆಚ್ಚುಕಡಿಮೆ ಸಮುದ್ರದ ನೀರೇ. ಹೊರಗಿನ ಉಪ್ಪು ಏರಿಳಿದರೆ ತಡೆದುಕೊಳ್ಳುವ ಶಕ್ತಿ ಅವಕ್ಕಿಲ್ಲ. ಮೊದಲು ಚೀಲದ ನೀರಿನ ಉಪ್ಪು ಅಳೆಯಿರಿ. ಟ್ಯಾಂಕಿಗಿಂತ ಕಡಿಮೆಯಿದ್ದರೆ ಗಾಳಿಪಂಪಿನ ಕೊಳವೆಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಹನಿಯಂತೆ ಬಿಡುತ್ತ, ನೀರು ಮೂರು ಪಟ್ಟಾಗುವವರೆಗೆ ಕಾಯಿರಿ. ಸಿಗಡಿಗೆ ಒಂದು ಗಂಟೆ, ನಕ್ಷತ್ರಮೀನಿಗೆ ಎರಡಾದರೂ ಬೇಕು. ಆದರೆ ಒಂದೆರಡು ದಿನ ಪ್ರಯಾಣ ಮಾಡಿ ಬಂದ ಚೀಲಕ್ಕೆ ಈ ಲೆಕ್ಕ ಸಲ್ಲದು. ಚೀಲ ಬಿಚ್ಚಿದ ಕೂಡಲೇ ಕಾರ್ಬನ್ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಅಲ್ಲಿಯವರೆಗೆ ಅಷ್ಟಾಗಿ ಕೆಡಕು ಮಾಡದ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ಹೀಗೆ ಬರುವುದಕ್ಕೆ ಚೀಲದ ಉಪ್ಪನ್ನು ಮಾರುವವರಿಂದ ಮೊದಲೇ ಕೇಳಿ, ಅಷ್ಟೇ ಉಪ್ಪಿನ ಶುದ್ಧ ನೀರನ್ನು ಬೇರೆ ಪಾತ್ರೆಯಲ್ಲಿ ಸಿದ್ಧವಾಗಿಡಿ. ಬಿಚ್ಚಿದ ಕೂಡಲೇ ಜೀವಿಯನ್ನು ಅದಕ್ಕೆ ದಾಟಿಸಿ, ಹನಿ ಬಿಡುವುದನ್ನು ಅಲ್ಲಿಂದ ಶುರುಮಾಡಿ.

ಸಿಗಡಿ ಕೆಲವು ವಾರಕ್ಕೊಮ್ಮೆ ಪೊರೆ ಕಳಚುತ್ತದೆ. ಬೆಳಿಗ್ಗೆ ಮರಳಿನ ಮೇಲೆ ಸಿಗಡಿ ಬಿದ್ದಿದ್ದರೆ ಹತ್ತಿರದಿಂದ ನೋಡಿ. ಒಳಗೆ ಟೊಳ್ಳು, ತಲೆ ಮತ್ತು ಹೊಟ್ಟೆಯ ನಡುವೆ ಬಿರುಕು, ಕಣ್ಣಿನ ಜಾಗದಲ್ಲಿ ಪಾರದರ್ಶಕ ಟೋಪಿ ಇದ್ದರೆ ಅದು ಪೊರೆ. ಸತ್ತ ಸಿಗಡಿಯಾದರೆ ಮೈ ಬೇಯಿಸಿದ ಹಾಗೆ ಮಬ್ಬು ಗುಲಾಬಿಯಾಗಿರುತ್ತದೆ. ಪೊರೆ ಕಳಚಿದ ಸಿಗಡಿ ಒಂದೆರಡು ದಿನ ಮೆತ್ತಗಿದ್ದು ಅಡಗಿಕೊಳ್ಳುತ್ತದೆ, ಹುಡುಕಿ ಕಲ್ಲು ಕದಲಿಸಬೇಡಿ.

ಹಸಿವು

ಮರಳು ಸೋಸುವ ನಕ್ಷತ್ರಮೀನನ್ನು 'ಮರಳು ಶುಚಿ ಮಾಡುತ್ತದೆ' ಎಂದು ಮಾರುತ್ತಾರೆ. ಅದು ಮಾಡುವುದು ಮರಳಿನೊಳಗಿನ ಸೂಕ್ಷ್ಮ ಜೀವಿಗಳನ್ನೆಲ್ಲ ತಿಂದು ಮುಗಿಸುವುದು. ಮುಗಿದ ಮೇಲೆ ತೋಳಿನ ತುದಿ ಸವೆಯುತ್ತ ಬರುತ್ತದೆ, ಅದು ರೋಗವಲ್ಲ. ಸಣ್ಣ ಟ್ಯಾಂಕಿಗೆ ಇದನ್ನು ತರಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೀಲಿ ಲಿಂಕಿಯಾ ನಕ್ಷತ್ರಮೀನು ಕೂಡ ಹೀಗೆ ಕಲ್ಲಿನ ಮೇಲಿನ ತೆಳುಪೊರೆ ಸಾಲದೆ ಸಾಯುತ್ತದೆ. ಕೊಳ್ಳುವ ಮೊದಲು ಅದರ ತೋಳಿನ ಕೆಳಭಾಗ ನೋಡಿ. ಅಲ್ಲಿ ಟೋಪಿಯಾಕಾರದ ಪುಟ್ಟ ಚಿಪ್ಪು ಅಂಟಿದ್ದರೆ ಅದು ಥೈಕಾ ಎಂಬ ಪರಾವಲಂಬಿ ಬಸವನಹುಳು. ಮತ್ತೆ ಗಾಜಿನ ಮೇಲೆ ತಾನಾಗಿ ಕಾಣಿಸಿಕೊಳ್ಳುವ, ತೋಳು ಒಂದು ಉದ್ದ ಒಂದು ಗಿಡ್ಡವಿರುವ ಆಸ್ಟರಿನಾ ನಕ್ಷತ್ರಮೀನು? ಅದು ತನ್ನನ್ನೇ ತುಂಡು ಮಾಡಿಕೊಂಡು ಹೆಚ್ಚುತ್ತದೆ, ಅದಕ್ಕೇ ತೋಳು ಸಮವಿಲ್ಲ. ಹೆಚ್ಚಿನವು ನಿರುಪದ್ರವಿ. ಮುಚ್ಚಿಕೊಂಡ ಜೋವಾಂತಿಡ್ ಮೇಲೆ ದಿನಾ ಕೂತಿದ್ದರೆ ಮಾತ್ರ ಆರಿಸಿ ತೆಗೆಯಿರಿ.

ಬಸವನಹುಳುಗಳ ವಿಷಯದಲ್ಲಿ ಮಾರುವವರು ಹೇಳುವ ಸಂಖ್ಯೆಯ ಅರ್ಧ ಸಾಕು. 100 ಲೀಟರ್ ಟ್ಯಾಂಕಿಗೆ ಐದಾರು ಟ್ರೋಕಸ್, ಮರಳಿಗೆ ನಾಲ್ಕು ನಸ್ಸಾರಿಯಸ್‌ನಿಂದ ಶುರುಮಾಡಿ, ಪಾಚಿ ಉಳಿದರೆ ಸೇರಿಸಿ. ಟ್ರೋಕಸ್ ಮಗುಚಿ ಬಿದ್ದರೆ ತಾನೇ ತಿರುಗಿಕೊಳ್ಳುತ್ತದೆ. ಆಸ್ಟ್ರಿಯಾಕ್ಕೆ ಆಗದು, ನೀವೇ ತಿರುಗಿಸಬೇಕು. ಮಾರ್ಗರಿಟಾ ತಣ್ಣೀರಿನ ಜಾತಿ, 25 ಡಿಗ್ರಿಯಲ್ಲಿ ಬಾಳದು. ಹರ್ಮಿಟ್ ಏಡಿ ಇದ್ದರೆ ಅದರ ಮೈಗಿಂತ ಸ್ವಲ್ಪ ದೊಡ್ಡದಾದ ಖಾಲಿ ಚಿಪ್ಪು ಏಡಿಗೆ ಎರಡರಂತೆ ಹಾಕಿಡಿ. ಇಲ್ಲವಾದರೆ ಚಿಪ್ಪಿಗಾಗಿ ಬಸವನಹುಳುವನ್ನೇ ಕೊಲ್ಲುತ್ತದೆ. ಪಾಚಿ ಖಾಲಿಯಾದ ಮೇಲೆ ಅರ್ಚಿನ್‌ಗೂ ಟರ್ಬೊಗೂ ವಾರಕ್ಕೆರಡು ಸಲ ಒಣ ನೋರಿ, ಅಂದರೆ ಕಡಲ ಪಾಚಿಯ, ಹಾಳೆಯನ್ನು ಕಲ್ಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಇಡಿ. ಅರ್ಚಿನ್ ಮುಳ್ಳು ಉದುರಿಸುತ್ತಿದ್ದರೆ ಮೊದಲು ಉಪ್ಪು ಅಳೆಯಿರಿ, ಆಮೇಲೆ ಊಟ ವಿಚಾರಿಸಿ.

ಟ್ರೈಡಕ್ನಾ ಚಿಪ್ಪಿಗೆ ಬೆಳಕೇ ಮುಖ್ಯ ಊಟ. ಮೈಯೊಳಗಿನ ಪಾಚಿ ಅದಕ್ಕೆ ಸಕ್ಕರೆ ಒದಗಿಸುತ್ತದೆ. ಇದರ ಮ್ಯಾಕ್ಸಿಮಾ, ಕ್ರೋಸಿಯಾ ಜಾತಿಗಳಿಗೆ ಜೋರು ಬೆಳಕು, ಕೂರಲು ಕಲ್ಲು ಬೇಕು. ಡೆರಾಸಾ, ಸ್ಕ್ವಾಮೋಸಾ ಮರಳಿನ ಮೇಲೆ ಸ್ವಲ್ಪ ಕಡಿಮೆ ಬೆಳಕಿನಲ್ಲೂ ಬಾಳುತ್ತವೆ. ಕಲ್ಲಿಗೆ ನಾರಿನಿಂದ ಅಂಟಿಕೊಂಡ ಚಿಪ್ಪಿಯನ್ನು ಎಂದೂ ಎಳೆಯಬಾರದು. ನಾರು ಹೊರಡುವ ಗ್ರಂಥಿಯೇ ಕಿತ್ತು ಬಂದರೆ ಚಿಪ್ಪಿ ಉಳಿಯುವುದು ಕಷ್ಟ. ತೆಳು ಬ್ಲೇಡನ್ನು ಕಲ್ಲಿಗೆ ತಾಗಿಸಿಕೊಂಡು ನಾರನ್ನು ಕತ್ತರಿಸಿ. ಹೊಸ ಜಾಗದಲ್ಲಿ ಇಡುವಾಗ ಕೆಳಗೆ ಚಪ್ಪಟೆ ಕಲ್ಲಿನ ಚೂರಿಡಿ, ಮುಂದೆ ಸರಿಸಬೇಕಾದಾಗ ಚೂರಿನ ಸಮೇತ ಎತ್ತಬಹುದು. ಆರೋಗ್ಯವಂತ ಚಿಪ್ಪಿ ಕೈಯ ನೆರಳು ಬಿದ್ದರೆ ಮುದುಡುತ್ತದೆ. ನೆರಳಿಗೆ ಕದಲದೆ ಬಾಯಿ ಅಗಲವಾಗಿ ಬಿಟ್ಟುಕೊಂಡಿದ್ದರೆ ಅಥವಾ ಅಂಚಿನ ಮಾಂಸ ಒಂದು ಕಡೆ ಚಿವುಟಿದಂತೆ ಒಳಸರಿದಿದ್ದರೆ ಆ ಚಿಪ್ಪಿಯನ್ನು ಕೊಳ್ಳಬೇಡಿ.

ಅನಿಮೋನಿಗೆ ಕನಿಷ್ಠ ಆರು ತಿಂಗಳು ಹಳೆಯದಾದ, ಅಳತೆಗಳು ಏರಿಳಿಯದ ಟ್ಯಾಂಕು ಬೇಕು. ಬಬಲ್ ಟಿಪ್ ಅನಿಮೋನಿ ಪಾದ ಊರಲು ಕಲ್ಲಿನ ಬಿರುಕು ಹುಡುಕುತ್ತ ನಡೆಯುತ್ತದೆ, ಅದು ನಿಲ್ಲುವವರೆಗೆ ಪಂಪುಗಳಿಗೆ ಸ್ಪಂಜಿನ ಅಥವಾ ಜಾಲರಿಯ ಕವಚ ಹಾಕಿರಿ. ವಾರಕ್ಕೊಮ್ಮೆ ಅದರ ಬಾಯಿಗಿಂತ ಚಿಕ್ಕದಾದ ಸಿಗಡಿ ತುಂಡು ಕೊಟ್ಟರೆ ಸಾಕು. ದೊಡ್ಡದು ಕೊಟ್ಟರೆ ಮಾರನೆಯ ದಿನ ಉಗುಳುತ್ತದೆ. ಆ ಉಗುಳಿದ್ದನ್ನು ಕಂಡ ಕೂಡಲೇ ಪೈಪಿನಿಂದ ಎಳೆದು ತೆಗೆಯಿರಿ.