ಒಂದು ಶಕಟರೇಫಕ್ಕೆ ಮೂರು ಜಿಬಿ ಅಪ್‌ಲೋಡ್ ಯಾಕೆ?

ನಮ್ಮ ತಾಲೂಕಿನ ವೀರಗಲ್ಲು, ಮಾಸ್ತಿಕಲ್ಲುಗಳ (ಕಾಳಗದಲ್ಲಿ ಮಡಿದವರ, ಸತಿ ಹೋದವರ ನೆನಪಿನ ಕಲ್ಲುಗಳ) ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನದು. ಒಂದೊಂದು ಕಲ್ಲಿಗೆ ಒಂದೊಂದು ಪುಟ. ಊರು, ಕಲ್ಲು ನಿಂತಿರುವ ಜಾಗ, ನಾಲ್ಕೈದು ಫೋಟೊ, ಅಕ್ಷರ ಉಳಿದಿದ್ದರೆ ಶಾಸನದ ಪಾಠ. ಬರಹವೆಲ್ಲ ಸೇರಿದರೂ ಕೆಲವೇ ಎಂಬಿ. ಫೋಟೊಗಳು ಮಾತ್ರ ಮೂರು ಜಿಬಿ ದಾಟುತ್ತವೆ. ಮೊದಲಿನಿಂದ ನಡೆದು ಬಂದ ರೂಢಿ ಏನೆಂದರೆ, ವಿಂಡೋಸ್ ಕಂಪ್ಯೂಟರಿನಲ್ಲಿ ಇಡೀ ಫೋಲ್ಡರನ್ನು ಜಿಪ್ ಮಾಡಿ, ಸರ್ವರಿಗೆ ಏರಿಸಿ, ಅಲ್ಲಿ ಬಿಚ್ಚುವುದು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೇ ಗ್ಯಾರಂಟಿ ಇಲ್ಲ, ಇನ್ನು ಮೂರು ಜಿಬಿ ಒಂದೇ ಉಸಿರಿಗೆ ಹೋಗುವುದೆಲ್ಲಿ? ಹಾಗಾಗಿ ತಿದ್ದುಪಡಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಪಟ್ಟಿ ಉದ್ದವಾದ ಮೇಲೆ ಒಟ್ಟಿಗೆ ಹಾಕುತ್ತಿದ್ದೆವು. ಅಲ್ಲಿಯವರೆಗೆ ಹಳೆಯ ಪಾಠವೇ ಸೈಟಿನಲ್ಲಿರುತ್ತಿತ್ತು. ಅದನ್ನೇ ಯಾರೋ ವಿದ್ಯಾರ್ಥಿ ತನ್ನ ಪ್ರಬಂಧಕ್ಕೆ ಇಳಿಸಿಕೊಳ್ಳುತ್ತಿದ್ದ. ನನಗೆ ಬಹಳ ನೋವಾಗುತ್ತಿದ್ದುದು ಇದೇ.

ಕಳೆದ ಮಳೆಗಾಲದಲ್ಲಿ ಒಂದು ದಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರು ಒಂದು ವೀರಗಲ್ಲನ್ನು ಸಂಜೆಯ ಓರೆ ಬಿಸಿಲಿನಲ್ಲಿ ಮತ್ತೆ ನೋಡಿಕೊಂಡು ಬಂದಿದ್ದರು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಅಕ್ಷರ ಇರುವುದು ಈ ಅಂಕಣಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ. ಮಧ್ಯಾಹ್ನದ ಬೆಳಕಿಗೆ ಅಲ್ಲಿ ಏನೂ ಕಾಣುವುದಿಲ್ಲ.

“ನೋಡಪ್ಪಾ, ‘ತುರುವಂ ಮಗುಳ್ಚಿ’ ಅಂತ ಇದೆಯಲ್ಲ ನಿಮ್ಮ ಪುಟದಲ್ಲಿ, ಅದು ಶಕಟರೇಫ. ತುಱುವಂ. ಕಲ್ಲಿನಲ್ಲಿ ಸ್ಪಷ್ಟವಾಗಿ ಕೊರೆದಿದ್ದಾನೆ. ನಾಳೆ ಕಾಲೇಜಿನ ಹುಡುಗರು ಆ ಕಲ್ಲು ನೋಡೋಕೆ ಹೊರಟಿದ್ದಾರೆ, ಇವತ್ತೇ ಸರಿ ಮಾಡೋಕಾಗುತ್ತಾ?”

ಆಗುತ್ತೆ ಸಾರ್ ಅಂದೆ. (ಶಕಟರೇಫ ಎಂದರೆ ಹಳಗನ್ನಡದ ಱ ಅಕ್ಷರ; ತುಱು ಎಂದರೆ ದನ.) ಅದೇ ಶಾಸನದ ಜೊತೆಗೆ ಇನ್ನೂ ಕೆಲವು ಕಲ್ಲುಗಳ ತಿದ್ದುಪಡಿ ಹೇಳಿದರು. ಎಲ್ಲವೂ ಒಂದಕ್ಷರ, ಎರಡಕ್ಷರದವು. ಬೇರೆ ಬೇರೆ ಊರಿನ ಫೋಲ್ಡರುಗಳಲ್ಲಿದ್ದ ಆ ಪುಟಗಳನ್ನು ತಿದ್ದಿ ಮುಗಿಸುವ ಹೊತ್ತಿಗೆ ಫೈಬರ್ ಹೋಗಿತ್ತು. ಫೋನಿನ ಹಾಟ್‌ಸ್ಪಾಟ್ ಒಂದೇ ದಾರಿ.

ಒಂದೇ ಪುಟವಾದರೆ, ಸರ್ವರಿಗೆ ಫೈಲು ಕಳಿಸುವ ತಂತ್ರಾಂಶವಾದ ಫೈಲ್‌ಜಿಲ್ಲಾದಲ್ಲಿ ಎಡದಿಂದ ಬಲಕ್ಕೆ ಎಳೆದರೆ ಮುಗಿಯಿತು. ಆದರೆ ನೋಟ್‌ಬುಕ್ಕಿನ ಹಳೆಯ ತಿದ್ದುಪಡಿಗಳೂ ಸೇರಿ ಯಾವ ಯಾವ ಫೈಲು ಬದಲಾಗಿದೆ ಎಂದು ಕಂಪ್ಯೂಟರೇ ಹೇಳಬೇಕಿತ್ತು. ಫೈಲ್‌ಜಿಲ್ಲಾದಲ್ಲಿ ಎರಡೂ ಕಡೆಯ ಫೋಲ್ಡರ್ ಹೋಲಿಸುವ ಸೌಲಭ್ಯವಿದೆ, ಗಾತ್ರದಿಂದ ಅಥವಾ ಸಮಯದಿಂದ. ಗಾತ್ರದಿಂದ ಹೋಲಿಸಿದೆ. ತುಱುವಿನ ಪುಟಕ್ಕೆ ಯಾವ ಬಣ್ಣವೂ ಬರಲಿಲ್ಲ. ಎರಡೂ ಒಂದೇ ಎಂದಿತು. ಯೋಚಿಸಿದರೆ ಸರಿಯೇ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಯಾವ ಬಿಡಿ ಅಕ್ಷರವಾದರೂ 3 ಬೈಟ್. ಯೂನಿಕೋಡ್ ಪಟ್ಟಿಯಲ್ಲಿ ರ ಮತ್ತು ಱ ಅಕ್ಕಪಕ್ಕದ ಮನೆಯವು. ಮೊದಲ ಎರಡು ಬೈಟು ಒಂದೇ, ಮೂರನೆಯದರಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸ. ಲ-ಳ, ಶ-ಷ, ಳ-ೞ ಯಾವುದನ್ನು ತಿದ್ದಿದರೂ ಫೈಲಿನ ಗಾತ್ರ ಕದಲುವುದಿಲ್ಲ. ಅಂದರೆ ಕನ್ನಡದಲ್ಲಿ ಅತಿ ಹೆಚ್ಚು ನಡೆಯುವ ಕಾಗುಣಿತ ತಿದ್ದುಪಡಿಗಳಲ್ಲಿ ಎಷ್ಟೋ ಗಾತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಕನ್ನಡ ಸೈಟು ನಡೆಸುವವರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಸಮಯದಿಂದ ಹೋಲಿಸಿದರೆ ತದ್ವಿರುದ್ಧ. ಎಲ್ಲ ಸಾಲೂ ಹಸಿರು, ಅಂದರೆ ಹೊಸದು! ವಿಂಡೋಸಿನಲ್ಲಿ ಮಾಡಿದ ಜಿಪ್ ಫೈಲಿನ ಗಂಟೆ ಬರೆದಿಡುತ್ತದೆಯೇ ಹೊರತು ಅದು ಯಾವ ದೇಶದ ಗಂಟೆ ಎಂದು ಬರೆಯುವುದಿಲ್ಲ. ನಮ್ಮ ಸರ್ವರ್ ಯುಟಿಸಿ ಗಡಿಯಾರದ್ದು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದ್ದು. ಇಲ್ಲಿಯ ಸಂಜೆ 4 ಗಂಟೆಯನ್ನು ಅದು ಅಲ್ಲಿಯ 4 ಗಂಟೆ ಎಂದೇ ತಿಳಿದು ಬಿಚ್ಚಿತ್ತು. ಹೀಗಾಗಿ ಮುಟ್ಟದ ಫೋಟೊಗಳೂ ಸರ್ವರಿನಲ್ಲಿ ಐದೂವರೆ ಗಂಟೆ ಹೊಸದಾಗಿ ಕಾಣುತ್ತಿದ್ದವು.

ಆಗ, ಎರಡು ಕಡೆಯ ಫೋಲ್ಡರ್ ಹೋಲಿಸಿ ಬದಲಾದದ್ದನ್ನಷ್ಟೇ ಕಳಿಸುವ ಆರ್‌ಸಿಂಕ್ ಹಿಡಿದೆ. ನಮ್ಮ ಹೋಸ್ಟಿಂಗ್‌ನಲ್ಲಿ ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಭದ್ರವಾಗಿ ಆಜ್ಞೆ ಕೊಡುವ ವ್ಯವಸ್ಥೆ) ಇತ್ತು, ಲ್ಯಾಪ್‌ಟಾಪ್ ಉಬುಂಟುವಿನದು. ಹಾಗಾಗಿ ದಾರಿ ತೆರೆದೇ ಇತ್ತು. 1996ರಲ್ಲಿ ಆಸ್ಟ್ರೇಲಿಯಾದ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ಹೊರತಂದ ಈ ಸಾಧನ ಮಾಮೂಲಿನಂತೆ ಗಾತ್ರ ಮತ್ತು ಸಮಯ ಎರಡನ್ನೂ ನೋಡುತ್ತದೆ. ಯಾವುದೊಂದು ಬೇರೆಯಾದರೂ ಫೈಲು ಬದಲಾಗಿದೆ ಎನ್ನುತ್ತದೆ. ನಮ್ಮ ಸಮಯವೇ ಕೆಟ್ಟಿತ್ತಲ್ಲ, ಅದಕ್ಕೆ ಚೆಕ್‌ಸಮ್ ಆಯ್ಕೆ ಹಾಕಿದೆ. ಆಗ ಎರಡೂ ತುದಿಯಲ್ಲಿ ಪ್ರತಿ ಫೈಲನ್ನೂ ಓದಿ, ಒಳಗಿರುವುದರ ಲೆಕ್ಕ ತೆಗೆದು, ಆ ಲೆಕ್ಕಗಳನ್ನಷ್ಟೇ ಹೋಲಿಸುತ್ತದೆ. ಓದಲು ಸ್ವಲ್ಪ ಹೊತ್ತು ಬೇಕು, ಆದರೆ ಹಾಟ್‌ಸ್ಪಾಟ್ ಮೇಲೆ ಫೋಟೊ ಹೋಗುವುದಿಲ್ಲ.

ಮೊದಲು ಡ್ರೈ ರನ್, ಅಂದರೆ ಏನೂ ಕಳಿಸದೆ ಏನು ಕಳಿಸುತ್ತೇನೆಂದು ಹೇಳಿಸುವುದು. ನನ್ನ ಮಟ್ಟಿಗೆ ಆರ್‌ಸಿಂಕ್‌ನ ಅತ್ಯಂತ ಬೆಲೆಬಾಳುವ ಗುಣ ಇದೇ. ಅಲ್ಲಿ ಬಂದ ಪಟ್ಟಿಯಲ್ಲಿ ತುಱುವಿನ ಪುಟದ ಮುಂದೆ ಚೆಕ್‌ಸಮ್ ಬೇರೆ ಎಂಬ ಗುರುತಿತ್ತು, ಗಾತ್ರದ ಜಾಗದಲ್ಲಿ ಬರೀ ಚುಕ್ಕಿ. ಇನ್ನೂ ಕೆಳಗೆ ಕೆಲವು ಸಾಲುಗಳು ‘ಡಿಲೀಟಿಂಗ್’ ಎಂದು ಶುರುವಾಗಿದ್ದವು. ನಮ್ಮಲ್ಲಿಲ್ಲದ್ದನ್ನು ಅಲ್ಲಿಂದಲೂ ತೆಗೆದುಹಾಕುವ ಡಿಲೀಟ್ ಆಯ್ಕೆಯನ್ನು ಪರೀಕ್ಷೆಗೆಂದು ಸೇರಿಸಿದ್ದೆ. ಆ ಸಾಲುಗಳಲ್ಲಿ ಇದ್ದದ್ದು ಗೆಳೆಯನೊಬ್ಬ ನೇರವಾಗಿ ಸರ್ವರಿಗೆ ಹಾಕಿದ್ದ ಹೊಸ ಮಾಸ್ತಿಕಲ್ಲುಗಳ ಚಿತ್ರಗಳು. ಅವನ್ನು ಮೊದಲು ಇತ್ತ ಇಳಿಸಿಕೊಂಡೆ, ಡಿಲೀಟ್ ಆಯ್ಕೆ ತೆಗೆದೆ, ಪಟ್ಟಿಯನ್ನು ಮತ್ತೊಮ್ಮೆ ಸಾಲು ಸಾಲಾಗಿ ಓದಿ ನಿಜವಾದ ಆಜ್ಞೆ ಕೊಟ್ಟೆ. ಬದಲಾದ ಪುಟಗಳು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ಹೋದವು. ಜೊತೆಗೆ ಉಳಿದ ಫೈಲುಗಳ ಸಮಯವನ್ನೂ ಅದು ಸರಿಹೊಂದಿಸಿತು. ಅಲ್ಲಿಂದ ಮುಂದೆ ಚೆಕ್‌ಸಮ್ ಬೇಕಾಗಿಲ್ಲ, ಮಾಮೂಲಿ ಹೋಲಿಕೆಯೇ ಸಾಕು.

ಅಷ್ಟಾದರೂ ಮೇಷ್ಟ್ರ ಫೋನಿನಲ್ಲಿ ಹಳೆಯ ‘ತುರು’ವೇ ಕಾಣುತ್ತಿತ್ತು. ಅವರ ಬ್ರೌಸರ್ ತಾನು ಇಟ್ಟುಕೊಂಡ ಪ್ರತಿಯನ್ನೇ ತೋರಿಸುತ್ತಿತ್ತು, ಏಕೆಂದರೆ ನಮ್ಮ ಸರ್ವರ್ ಎಲ್ಲ ಫೈಲಿಗೂ ‘ಒಂದು ವಾರ ನನ್ನನ್ನು ಕೇಳಬೇಡ’ ಎಂದು ಹೇಳುವಂತೆ ಹೊಂದಿಸಲಾಗಿತ್ತು. ಮೇಷ್ಟ್ರಿಗೆ ರಿಲೋಡ್ ಮಾಡಿಸಿದೆ. ಸರ್ವರಿನಲ್ಲಿ ನಿಯಮ ಬದಲಿಸಿದೆ: ಫೋಟೊಗಳಿಗೆ ದೀರ್ಘ ಅವಧಿ, ಪುಟಗಳಿಗೆ ಮಾತ್ರ ಪ್ರತಿ ಸಲವೂ ಕೇಳಬೇಕು. ಕೇಳಿದಾಗ ಬದಲಾಗಿಲ್ಲದಿದ್ದರೆ ಸರ್ವರ್ 304 ಎಂಬ ಪುಟ್ಟ ಉತ್ತರ ಕೊಟ್ಟು ಸುಮ್ಮನಾಗುತ್ತದೆ, ಓದುಗರ ಡೇಟಾ ಹೆಚ್ಚೇನೂ ಖರ್ಚಾಗುವುದಿಲ್ಲ.

ಇನ್ನೊಂದು ಕೆಲಸವನ್ನು ಆ ವಾರವೇ ಮಾಡಿದೆ. ಪ್ರತಿ ಪುಟದ ಅಡಿಯಲ್ಲೂ ಇಡೀ ಸೈಟಿನ ‘ಕೊನೆಯ ಪರಿಷ್ಕರಣೆ’ ದಿನಾಂಕ ಇತ್ತು. ಒಂದು ಪುಟ ತಿದ್ದಿದರೆ ಆ ದಿನಾಂಕಕ್ಕಾಗಿ ಎಲ್ಲ ಪುಟವೂ ಬದಲಾಗುತ್ತಿತ್ತು. ಓದುಗರಿಗೂ ಅದರಿಂದ ಉಪಯೋಗವಿಲ್ಲ. ಅಡಿಯ ಸಾಮಾನ್ಯ ಭಾಗವನ್ನು ಒಂದೇ ಫೈಲಿಗೆ ತೆಗೆದೆ. ನಮ್ಮ ವೆಬ್ ಸರ್ವರ್ ತಂತ್ರಾಂಶ ಅಪಾಚೆಯ ಇನ್‌ಕ್ಲೂಡ್ ಸೌಲಭ್ಯ ಅದನ್ನು ಪುಟ ಕೊಡುವಾಗ ಸೇರಿಸುತ್ತದೆ. ದಿನಾಂಕ ಈಗ ಆಯಾ ಪುಟದ್ದು, ಅದರ ಪಕ್ಕದಲ್ಲಿ ಏನು ತಿದ್ದಲಾಗಿದೆ ಎಂಬ ಒಂದು ಸಾಲು. ಶಾಸನವನ್ನು ಉಲ್ಲೇಖಿಸುವವರಿಗೆ ಬೇಕಾದದ್ದು ಅದು: ಈ ಪಾಠ ಯಾವಾಗ, ಯಾರ ಓದಿನಿಂದ ಬದಲಾಯಿತು.

ನೋಟ್‌ಬುಕ್ಕಿನ ಪಟ್ಟಿ ಈಗ ಇಲ್ಲ. ಮೇಷ್ಟ್ರು ಕಲ್ಲಿನ ಹತ್ತಿರ ನಿಂತೇ ಫೋನ್ ಮಾಡುತ್ತಾರೆ. ಮೊನ್ನೆ ಒಂದು ಪುಟದ ಳಕಾರ ಎಲ್ಲಿ ರಳ (ೞ) ಆಗಬೇಕೆಂದು ಹೇಳುತ್ತಿದ್ದಾಗಲೇ ತಿದ್ದಿ ಕಳಿಸಿದೆ. ಅವರು ಅಲ್ಲೇ ತೆರೆದು ಓದಿ, “ಎರಡನೇ ಸಾಲಲ್ಲೂ ಒಂದು ಇದೆ, ತಡಿ, ಕನ್ನಡಕ ಒರೆಸ್ಕೊಂಡು ಹೇಳ್ತೀನಿ” ಅಂದರು.