ಬಿಜೆಪಿ ಮಂಡ್ಯದಲ್ಲಿ ಯಾಕೆ ಬೇರು ಬಿಡಲ್ಲ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಮಂಡ್ಯ ಕಡೆಯವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ. ಶಿವಮೊಗ್ಗದವರು, ಹುಬ್ಬಳ್ಳಿಯವರು, ಉಡುಪಿಯವರು ಎಲ್ಲರೂ ಕೇಳ್ತಾರೆ. "ನಿಮ್ಮ ಕಡೆ ಬಿಜೆಪಿ ಯಾಕೆ ಗೆಲ್ಲಲ್ಲ? ಗೆಲ್ಲಬೇಕು ಅಂದ್ರೆ ಏನು ಮಾಡ್ಬೇಕು?" ಕೆಲವರು ಪಕ್ಷದ ಅಭಿಮಾನದಿಂದ ಕೇಳ್ತಾರೆ, ಕೆಲವರು ಸುಮ್ನೆ ಕುತೂಹಲಕ್ಕೆ. ಪ್ರತಿ ಸಲ ಅರ್ಧ ಉತ್ತರ ಹೇಳಿ ಬಿಟ್ಟಿದ್ದೀನಿ. ಈಗ ಪೂರ್ತಿ ಬರೀತೀನಿ.

ಮೊದಲು ಒಂದು ಮಾತು. ನಾನು ಯಾವ ಪಕ್ಷದ ಸದಸ್ಯನೂ ಅಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಮೂರನೆಯ ಪಕ್ಷವೊಂದು ಗಟ್ಟಿಯಾಗಿ ಪೈಪೋಟಿ ಕೊಡಬೇಕು ಅನ್ನೋದು ನನ್ನ ಆಸೆ. ಕಾಂಗ್ರೆಸ್, ಜೆಡಿಎಸ್ ಎರಡೇ ಪಕ್ಷಗಳು ಸರದಿಯ ಮೇಲೆ ಗೆಲ್ಲುವ ಕಡೆ ಕಬ್ಬಿನ ಬಾಕಿ, ನಾಲೆಯ ಹೂಳು, ತಾಲ್ಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಕೊಳೆಯುವ ಪೋಡಿ (ಜಮೀನು ಅಳೆದು ಭಾಗ ಮಾಡುವ) ಅರ್ಜಿಗಳ ಬಗ್ಗೆ ಮಾತಾಡುವವರೇ ಇಲ್ಲದಂತಾಗುತ್ತದೆ.

ಲೆಕ್ಕ ನೋಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿ ರಾಜ್ಯದಲ್ಲಿ 66 ಸೀಟು ಗೆದ್ದಿತು. ಮಂಡ್ಯದ 7, ರಾಮನಗರದ 4, ಚಾಮರಾಜನಗರದ 4, ಒಟ್ಟು 15ರಲ್ಲಿ ಗೆದ್ದದ್ದು ಸೊನ್ನೆ. 2008ರಲ್ಲಿ 110 ಸೀಟು ಗೆದ್ದು ದಕ್ಷಿಣ ಭಾರತದಲ್ಲಿ ಮೊದಲ ಸಲ ತನ್ನದೇ ಸರ್ಕಾರ ಮಾಡಿದಾಗಲೂ ಮಂಡ್ಯದಲ್ಲಿ ಖಾತೆ ತೆರೆದಿರಲಿಲ್ಲ. ಇಲ್ಲಿ ಆ ಪಕ್ಷ ಮೊದಲು ಗೆದ್ದದ್ದು 2019ರ ಡಿಸೆಂಬರ್ ಉಪಚುನಾವಣೆಯಲ್ಲಿ, ಕೆ.ಆರ್. ಪೇಟೆಯಲ್ಲಿ. ಗೆದ್ದವರು ನಾರಾಯಣಗೌಡರು. ಅದಕ್ಕೂ ಮೊದಲು ಎರಡು ಸಲ ಅಲ್ಲೇ ಜೆಡಿಎಸ್‌ನಿಂದ ಗೆದ್ದವರು. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪ ಹುಟ್ಟಿದ್ದು ಅದೇ ತಾಲ್ಲೂಕಿನ ಬೂಕನಕೆರೆಯಲ್ಲಿ. "ನಮ್ಮ ತಾಲ್ಲೂಕಿನ ಮಗ ಮುಖ್ಯಮಂತ್ರಿ ಆಗಿದ್ದಾನೆ, ಕೈ ಬಿಡಬಾರದು" ಅನ್ನೋ ಮಾತು ಆಗ ಊರೂರಲ್ಲಿ ಇತ್ತು. 2021ರ ಜುಲೈನಲ್ಲಿ ಅವರು ಆ ಕುರ್ಚಿಯಿಂದ ಇಳಿದರು. 2023ರಲ್ಲಿ ಕೆ.ಆರ್. ಪೇಟೆ ಮತ್ತೆ ಜೆಡಿಎಸ್ ಪಾಲಾಯಿತು. ಅಂದರೆ ಅಲ್ಲಿ ಬಿದ್ದ ಓಟು ಒಬ್ಬ ಮನುಷ್ಯನಿಗೆ ಬಿದ್ದದ್ದು, ಕಮಲಕ್ಕಲ್ಲ. ಇದನ್ನ ಪಕ್ಷದವರು ಅರ್ಥ ಮಾಡಿಕೊಳ್ಳಲೇ ಇಲ್ಲ ಅನ್ನೋದು ನನ್ನ ಅನಿಸಿಕೆ.

"ಹಾಗಾದ್ರೆ ನಿಮ್ಮ ಕಡೆಯವರಿಗೆ ದೇವರು, ಧರ್ಮ ಬೇಡವಾ?" ಅಂತ ಒಬ್ಬ ಗೆಳೆಯ ಕೇಳಿದ್ದ. ಬೇಕಪ್ಪ, ನಿಮಗಿಂತ ಜಾಸ್ತಿನೇ ಬೇಕು. ಮೇಲುಕೋಟೆ ವೈರಮುಡಿ ಉತ್ಸವಕ್ಕೆ ಬಂದು ನೋಡಿ. ಆದಿಚುಂಚನಗಿರಿಯ ಕಾಲಭೈರವನ ಮುಂದೆ ನಿಂತು ನೋಡಿ. ಕೊಂಡ ಹಾಯುವವರನ್ನ ನೋಡಿ. ಆದರೆ ನಮ್ಮ ದೇವರು ಊರಿನ ದೇವರು. ಮಾರಿಹಬ್ಬದ ದಿನ ಮಧ್ಯಾಹ್ನ ಬಾಡೂಟ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟಕ್ಕೂ ಜಾಗ ಕೊಡಿ ಅಂತ ಜನ ದನಿ ಎತ್ತಿದ್ದು ಇದೇ ಕಾರಣಕ್ಕೆ. ಮಾಂಸ ತಿನ್ನುವ ಭಕ್ತಿಯೂ ಭಕ್ತಿಯೇ ಅನ್ನೋದು ಇಲ್ಲಿ ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ. ಇಂಥ ಊರಿಗೆ ಬಂದು ನಿಮ್ಮ ಧರ್ಮ ಅಪಾಯದಲ್ಲಿದೆ, ನಾವು ಕಾಪಾಡ್ತೀವಿ ಅಂದರೆ ಜನ ಕೇಳಿಸಿಕೊಂಡು ಸುಮ್ನಾಗ್ತಾರೆ, ಅಷ್ಟೇ.

ಇನ್ನೊಂದು, ಬದುಕಿನ ಲೆಕ್ಕ. ರಾಮನಗರ, ಮಳವಳ್ಳಿ ಕಡೆ ರೇಷ್ಮೆಗೂಡು ಬೆಳೆಯುವವರಲ್ಲಿ ಒಕ್ಕಲಿಗರು ಜಾಸ್ತಿ. ಮಾರ್ಕೆಟ್ಟಿಗೆ ತಂದ ಗೂಡನ್ನ ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಮುಸ್ಲಿಮರು ಜಾಸ್ತಿ. ಗೂಡು ಬೆಳೆದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ, ಹುಳ ಚಿಟ್ಟೆಯಾಗಿ ಗೂಡು ತೂತಾಗುತ್ತೆ. ಒಬ್ಬರನ್ನ ಬಿಟ್ಟು ಒಬ್ಬರು ಬದುಕೋಕೆ ಆಗಲ್ಲ. ಕರಾವಳಿಯಲ್ಲಿ ನಡೆದ ಹಿಂದೂ-ಮುಸ್ಲಿಂ ರಾಜಕಾರಣ ಇಲ್ಲಿ ನಡೆಯದೇ ಇರೋದಕ್ಕೆ ಇಂಥ ಹತ್ತಾರು ವ್ಯವಹಾರಗಳೇ ಕಾರಣ.

ಇದನ್ನೆಲ್ಲ ಬಿಟ್ಟು 2023ರಲ್ಲಿ ಪಕ್ಷ ಮಾಡಿದ್ದೇನು? ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಟಿಪ್ಪುವನ್ನ ಕೊಂದರು ಅನ್ನೋ ಕಥೆ ಎತ್ತಿಕೊಂಡಿತು. ಮಾರ್ಚ್ 12ಕ್ಕೆ ಪ್ರಧಾನಿ ಮಂಡ್ಯಕ್ಕೆ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಗೆ ಬಂದಾಗ ಆ ಇಬ್ಬರ ಹೆಸರಲ್ಲಿ ಕಮಾನು ಎದ್ದಿತು, ಆಮೇಲೆ ಹೆಸರು ಬದಲಾಯಿತು. ಮಂತ್ರಿಯೊಬ್ಬರು ಸಿನಿಮಾ ಮಾಡ್ತೀನಿ ಅಂದರು. ಕೊನೆಗೆ ಒಕ್ಕಲಿಗರ ಮಠವಾದ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರೇ ಇದು ಬೇಡ ಅಂತ ಹೇಳಿ, ಸಿನಿಮಾ ಕೈಬಿಡುವಂತಾಯಿತು. ಟಿಪ್ಪು ಸತ್ತದ್ದು 1799ರಲ್ಲಿ, ನಮ್ಮ ಶ್ರೀರಂಗಪಟ್ಟಣದಲ್ಲೇ. ನಮ್ಮ ಅಜ್ಜಂದಿರು ಹೇಳಿದ ಕಥೆ ನಮಗೆ ಗೊತ್ತು. ಅದರಲ್ಲಿ ಇಲ್ಲದ ಹೆಸರನ್ನ ಹೊರಗಿನಿಂದ ತಂದು, ಇವರೇ ನಿಮ್ಮ ಅಭಿಮಾನ ಅಂತ ಕೊಟ್ಟರೆ ಅದು ಜನರಿಗೆ ನೋವಾಗುತ್ತೆ. ನನಗೂ ನೋವಾಯಿತು.

ಬೇಜಾರಿನ ಸಂಗತಿ ಏನಂದ್ರೆ, ಅದೇ ಸರ್ಕಾರ ಮಂಡ್ಯಕ್ಕೆ ಒಂದು ಒಳ್ಳೆ ಕೆಲಸ ಮಾಡಿತ್ತು. ಮೈಶುಗರ್ 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ. ಅದರ ಚಿಮಣಿಯಲ್ಲಿ ಹೊಗೆ ಬಂದರೆ ಮಂಡ್ಯದವರಿಗೆ ಧೈರ್ಯ. ಅದು ನಿಂತು, ಖಾಸಗಿಯವರಿಗೆ ಕೊಡುವ ಮಾತು ಬಂದು, ರೈತರು ಬೀದಿಗಿಳಿದು, ಕೊನೆಗೆ 2022ರಲ್ಲಿ ಸರ್ಕಾರವೇ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. ಆಗ ಇದ್ದದ್ದು ಬಿಜೆಪಿ ಸರ್ಕಾರ. ಇದನ್ನ ಮನೆಮನೆಗೆ ಹೋಗಿ ಹೇಳಬಹುದಿತ್ತು ಅಲ್ವಾ? ಈ ಸಲ ಇಷ್ಟು ಟನ್ ಅರೆದಿದ್ದೀವಿ, ಮುಂದಿನ ವರ್ಷ ಇಷ್ಟು ಅರೀತೀವಿ, ಹಣ ಇಷ್ಟು ದಿನದಲ್ಲಿ ಕೊಡ್ತೀವಿ ಅಂತ. ಆ ಮಾತಿಗೆ ಓಟು ಬರ್ತಿತ್ತು. ಆದರೆ ಚುನಾವಣೆ ಹೊತ್ತಿಗೆ ಮಾತೆಲ್ಲ ಉರಿಗೌಡನ ಮೇಲೆ ಹೋಯಿತು.

ಹಾಲಿನ ವಿಷಯ ಇನ್ನೂ ದೊಡ್ಡದು. 2022ರ ಡಿಸೆಂಬರ್ 30ಕ್ಕೆ ಅಮಿತ್ ಶಾ ಬಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮೆಗಾ ಡೇರಿ ಉದ್ಘಾಟಿಸಿದರು. ಗುಜರಾತಿನ ಅಮುಲ್ ಮತ್ತು ನಮ್ಮ ನಂದಿನಿ ಹಾಲಿನ ಕೆಎಂಎಫ್ ಸೇರಿ ಕೆಲಸ ಮಾಡಬೇಕು ಅಂತ ಅಲ್ಲೇ ಹೇಳಿದರು. 2023ರ ಮಾರ್ಚ್‌ನಲ್ಲಿ ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಅನ್ನೋ ಹಿಂದಿ ಹೆಸರು ಹಾಕಬೇಕು ಅನ್ನೋ ಆದೇಶ ಬಂತು, ಗಲಾಟೆಯಾಗಿ ವಾಪಸ್ ಹೋಯಿತು. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹಾಲು ಮೊಸರು ತರ್ತೀವಿ ಅಂತ ಅಮುಲ್ ಪ್ರಕಟಿಸಿತು. ಮೇ ತಿಂಗಳಲ್ಲಿ ಚುನಾವಣೆ.

ಇದು ನಮ್ಮವರಿಗೆ ಯಾಕೆ ಅಷ್ಟು ತಾಗಿತು ಅಂತ ತಿಳಿಯಬೇಕಾದರೆ ಬೆಳಿಗ್ಗೆ ಆರು ಗಂಟೆಗೆ ನಮ್ಮೂರ ಡೇರಿ ಮುಂದೆ ನಿಲ್ಲಬೇಕು. ಹೆಂಗಸರು, ಮುದುಕರು, ಸ್ಕೂಲಿಗೆ ಹೋಗೋ ಹುಡುಗರು ಸ್ಟೀಲ್ ಕ್ಯಾನು ಹಿಡಿದು ಸಾಲಾಗಿ ನಿಂತಿರ್ತಾರೆ. ಕಾರ್ಯದರ್ಶಿ ಒಂದು ಸಣ್ಣ ಬಾಟಲಿಗೆ ಹಾಲು ತೆಗೆದು ಮಿಷನ್ನಿಗೆ ಇಡ್ತಾನೆ. ಫ್ಯಾಟು ಎಷ್ಟು ಅಂತ ಬರುತ್ತೆ, ಚೀಟಿ ಬರುತ್ತೆ. ಆ ಚೀಟಿಯನ್ನ ನಮ್ಮ ದೊಡ್ಡಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಳ್ತಾರೆ. ಕಬ್ಬಿನ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಹಾಲಿನ ದುಡ್ಡು ಮಾತ್ರ ಕೈ ಬಿಡಲ್ಲ. ಮನೆಯ ಸೋಪು, ಬೇಳೆ, ಮಕ್ಕಳ ಫೀಸು ಎಲ್ಲಾ ಅದರಲ್ಲೇ. ನಂದಿನಿ ಅಂದರೆ ಅವರಿಗೆ ಬ್ರ್ಯಾಂಡ್ ಅಲ್ಲ, ಅವರದೇ ಡೇರಿ. ಅದರ ಮೇಲೆ ಯಾರೋ ಕಣ್ಣು ಹಾಕಿದ್ದಾರೆ ಅನ್ನೋ ಅನುಮಾನ ಬಂದರೆ ಸಾಕು. ಅನುಮಾನ ಸರಿಯೋ ತಪ್ಪೋ ಬೇರೆ ಮಾತು. ಅದನ್ನ ಆ ಸಾಲಲ್ಲಿ ನಿಂತು ಬಿಡಿಸಿ ಹೇಳೋಕೆ ಪಕ್ಷದ ಕಡೆಯಿಂದ ಒಬ್ಬನೂ ಇರಲಿಲ್ಲ.

ನನ್ನ ಉತ್ತರ ಇಲ್ಲೇ ಇದೆ. ಮಂಡ್ಯದಲ್ಲಿ ರಾಜಕೀಯ ಶುರುವಾಗೋದು ಡೇರಿಯಲ್ಲಿ, ಸೊಸೈಟಿಯಲ್ಲಿ. ಡೇರಿ ನಿರ್ದೇಶಕ, ಸೊಸೈಟಿ ಅಧ್ಯಕ್ಷ, ಪಂಚಾಯಿತಿ ಮೆಂಬರು, ಇವರು ಹೇಳಿದ ಕಡೆ ಓಟು ಹೋಗುತ್ತೆ. ಜೆಡಿಎಸ್, ಕಾಂಗ್ರೆಸ್ ಎರಡಕ್ಕೂ ಈ ಬೇರು ಇದೆ. ಬಿಜೆಪಿ ಮೇಲಿನಿಂದ ಬರುತ್ತೆ. ಬೇರೆ ಪಕ್ಷದಲ್ಲಿ ಗೆದ್ದವರನ್ನ ಕರೆತರುತ್ತೆ, ಇಲ್ಲವೇ ಕನಕಪುರಕ್ಕೆ ಆರ್. ಅಶೋಕ್, ವರುಣಾಕ್ಕೆ ಸೋಮಣ್ಣ ಅಂತ ಬೆಂಗಳೂರಿನಿಂದ ಕಳಿಸುತ್ತೆ. 2023ರಲ್ಲಿ ಇಬ್ಬರೂ ಅಲ್ಲಿ ಸೋತರು. ಏರ್‌ಪೋರ್ಟಿನ 108 ಅಡಿಯ ಕೆಂಪೇಗೌಡರ ಪ್ರತಿಮೆ ನಮಗೆಲ್ಲ ಹೆಮ್ಮೆಯೇ. ಒಕ್ಕಲಿಗರ ಮೀಸಲಾತಿಯನ್ನ 4ರಿಂದ 6 ಪರ್ಸೆಂಟ್ ಮಾಡ್ತೀವಿ ಅಂದದ್ದನ್ನೂ ಜನ ಕೇಳಿದರು. ಆದರೆ ಅದು ಚುನಾವಣೆಗೆ ಒಂದೂವರೆ ತಿಂಗಳ ಮುಂಚೆ, ಮುಸ್ಲಿಮರ 4 ಪರ್ಸೆಂಟ್ ತೆಗೆದು ಕೊಟ್ಟದ್ದು. ಇನ್ನೊಬ್ಬರ ತಟ್ಟೆಯಿಂದ ತೆಗೆದು ಬಡಿಸಿದ್ದನ್ನ ಜನ ನಂಬಲಿಲ್ಲ.

"ಈಗ ಜೆಡಿಎಸ್ ಜೊತೆ ಮೈತ್ರಿ ಇದೆಯಲ್ಲ?" ಅಂತ ಕೇಳ್ತೀರಿ. 2024ರ ಲೋಕಸಭೆಯಲ್ಲಿ ಅದು ಕೆಲಸ ಮಾಡಿತು, ನಿಜ. ಮಂಡ್ಯದಲ್ಲಿ ಕುಮಾರಸ್ವಾಮಿ ಗೆದ್ದರು, ಬೆಂಗಳೂರು ಗ್ರಾಮಾಂತರದಲ್ಲಿ ಡಾಕ್ಟರ್ ಮಂಜುನಾಥ್ ಕಮಲದ ಚಿಹ್ನೆಯಲ್ಲೇ ಗೆದ್ದರು. ಅದೇ ನವೆಂಬರ್‌ನಲ್ಲಿ ಚನ್ನಪಟ್ಟಣದ ಉಪಚುನಾವಣೆ ಬಂತು. ಸೀಟು ಜೆಡಿಎಸ್‌ಗೆ ಹೋಯಿತು, ಬಿಜೆಪಿಯ ಯೋಗೇಶ್ವರ್ ಕಾಂಗ್ರೆಸ್ಸಿಗೆ ಹೋಗಿ ಗೆದ್ದರು. ಮೈತ್ರಿಯಿಂದ ಸೀಟು ಸಿಗಬಹುದು. ಊರಲ್ಲಿ ಕಾರ್ಯಕರ್ತ ಹುಟ್ಟಲ್ಲ, ಇದ್ದವನೂ ನನಗೆ ಟಿಕೆಟ್ ಯಾವ ಕಾಲಕ್ಕೆ ಅಂತ ಬೇರೆ ದಾರಿ ನೋಡ್ತಾನೆ.

ಯಡಿಯೂರಪ್ಪನವರು 2008ರಲ್ಲಿ ಹಸಿರು ಶಾಲು ಹೊದ್ದು ರೈತರ ಹೆಸರಲ್ಲಿ ಪ್ರಮಾಣ ವಚನ ತಗೊಂಡಿದ್ದರು. ಹೆಣ್ಣು ಮಕ್ಕಳಿಗೆ ಭಾಗ್ಯಲಕ್ಷ್ಮಿ ಬಾಂಡು, ಹೈಸ್ಕೂಲ್ ಮಕ್ಕಳಿಗೆ ಸೈಕಲ್ಲು ಕೊಟ್ಟಿದ್ದನ್ನ ನಮ್ಮ ಊರಲ್ಲಿ ಇವತ್ತಿಗೂ ನೆನೀತಾರೆ. ಓಟು ಹಾಕದವರೂ ನೆನೀತಾರೆ. ಆ ಭಾಷೆಯನ್ನ ಪಕ್ಷ ಯಾಕೆ ಬಿಟ್ಟಿತೋ ನನಗೆ ಅರ್ಥವಾಗಲ್ಲ.

ನಮ್ಮೂರಲ್ಲಿ ಒಬ್ಬ ಹುಡುಗ ಇದ್ದಾನೆ. ಬಿಜೆಪಿಯವನು, ಮೂವತ್ತರ ಆಸುಪಾಸು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರ್ತಾನೆ, ತಿಥಿ ಊಟಕ್ಕೆ ಎಲೆ ಹಾಕೋಕೂ ನಿಲ್ತಾನೆ. ಮುದುಕರನ್ನ ಬೈಕಲ್ಲಿ ಕೂರಿಸಿಕೊಂಡು ಪಿಂಚಣಿ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೋಗ್ತಾನೆ. ಹೋದ ಸಲ ಊರಿಗೆ ಹೋಗಿದ್ದಾಗ ಡೇರಿ ಚುನಾವಣೆಗೆ ನಿಂತಿದ್ದ. ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪನನ್ನ ಕೇಳಿದೆ, "ಯಾರಿಗೆ ಹಾಕ್ತೀರಾ ದೊಡ್ಡಪ್ಪ?" ನಲವತ್ತು ವರ್ಷದಿಂದ ದೇವೇಗೌಡರ ಕಡೆ ಇರೋ ಮನುಷ್ಯ. "ಆ ಹುಡ್ಗುಂಗೆ ಕಣ್ಲಾ. ಅವನ್ಯಾವ ಪಕ್ಷ ಆದ್ರೆ ನಂಗೇನು, ನಮ್ಮ ಹಸ ಕಾಯ್ಲೆ ಬಿದ್ದಾಗ ರಾತ್ರಿ ಹನ್ನೊಂದು ಗಂಟೇಲಿ ಡಾಕ್ಟ್ರುನ ಕರ್ಕೊಂಡು ಬಂದೋನು ಅವ್ನೇಯ."