ಮಂಜು ಕವಿದ ಬೆಳಗ್ಗೆ, ಕೊಬ್ಬರಿಯ ಚೀಲ ಮತ್ತು ಒಂದು ಹೊಸ ಕಾಲಂ

ಕಳೆದ ಡಿಸೆಂಬರ್‌ನಲ್ಲಿ ನಾನು ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲಿ ಇಂಟರ್ನ್ ಆಗಿ ಕೆಲಸ ಮಾಡಿದೆ. ದಾವಣಗೆರೆಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಎಂಟು ವಾರಗಳ ಮಟ್ಟಿಗೆ ವಹಿಸಿದ್ದ ಕೆಲಸ ಒಂದೇ: ಭದ್ರತಾ ತಪಾಸಣೆಯ ಸಾಲಿನಲ್ಲಿ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆಯುವುದು. ಆ ಎಂಟು ವಾರಗಳಲ್ಲಿ ಒಂದು ದಿನವನ್ನು ಮಾತ್ರ ಇಲ್ಲಿ ಬರೆದಿಡುತ್ತಿದ್ದೇನೆ.

ಯಲಹಂಕದ ಪಿ.ಜಿ.ಯಿಂದ ನಸುಕಿನ ಮೂರು ಗಂಟೆಗೆ ಹೊರಟು, ಹೆಬ್ಬಾಳದ ಕಡೆಯಿಂದ ಬರುವ ವಾಯು ವಜ್ರ ಬಸ್ಸು ಹತ್ತಿದಾಗಲೇ ಅಂದಿನ ದಿನ ಎಂದಿನಂತಿರುವುದಿಲ್ಲ ಎಂಬುದು ತಿಳಿಯಿತು. ರಸ್ತೆಯ ದೀಪಗಳು ಹತ್ತಿ ಉಂಡೆಗಳ ಹಾಗೆ ಕಾಣುತ್ತಿದ್ದವು. ಚಾಲಕರು ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ ರಸ್ತೆಯ ಅಂಚನ್ನು ನೋಡಿಕೊಂಡು ಬಸ್ಸು ಓಡಿಸುತ್ತಿದ್ದರು. ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದ ಬಯಲಿನಲ್ಲಿರುವ ಈ ನಿಲ್ದಾಣಕ್ಕೆ ಚಳಿಗಾಲದ ಮಂಜು ಹೊಸದೇನಲ್ಲ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ತೇವದ ಗಾಳಿಯೂ ತಣಿದು ಹನಿಗಟ್ಟುತ್ತದೆ. ಗಾಳಿ ಬೀಸದಿದ್ದರೆ ಆ ಹನಿಗಳು ಅಲ್ಲೇ ನಿಂತುಬಿಡುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಮಂಜು ಅತಿ ದಟ್ಟವಾಗಿರುತ್ತದೆ. ನಿಲ್ದಾಣದಿಂದ ಬೆಳಗಿನ ಮೊದಲ ವಿಮಾನಗಳು ಸಾಲುಗಟ್ಟಿ ಹೊರಡಬೇಕಾದ ಹೊತ್ತೂ ಅದೇ.

ಪಾಸು ತೋರಿಸಿ ಒಳಗೆ ಹೋದ ಮೇಲೆ ನಮ್ಮ ಷಿಫ್ಟ್‌ನ ಮೇಲ್ವಿಚಾರಕಿ, ನಾವೆಲ್ಲ ಮೇಡಂ ಎಂದೇ ಕರೆಯುವವರು, ನನ್ನ ಕೈಗೆ ಎಂದಿನಂತೆ ಹಳದಿ ಕಾರ್ಡುಗಳ ಕಟ್ಟು ಕೊಟ್ಟರು. ಸಾಲಿನ ಕೊನೆಗೆ ಬಂದು ನಿಂತವರಿಗೆ ವೇಳೆ ಬರೆದ ಒಂದು ಕಾರ್ಡು ಕೊಡಬೇಕು, ಅವರು ಲೋಹಶೋಧಕದ ಬಾಗಿಲಿನ ಹತ್ತಿರ ತಲುಪಿದಾಗ ಅದನ್ನು ಹಿಂದೆ ಪಡೆದು ಆ ವೇಳೆಯನ್ನೂ ಬರೆಯಬೇಕು. ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಒಂದು ಅಳತೆ. ಯಂತ್ರಗಳು ಹೇಳುವ ಲೆಕ್ಕಕ್ಕೆ ತಾಳೆ ನೋಡಲು ಈ ಕೈಲೆಕ್ಕ.

ಈ ಕೆಲಸ ಮಾಡಿದ ಮೊದಲ ವಾರದಲ್ಲೇ ನನಗೆ ಒಂದು ವಿಷಯ ಮನದಟ್ಟಾಗಿತ್ತು. ಸಾಲು ನಿಧಾನವಾಗುವುದು ಎಕ್ಸ್‌ರೇ ಯಂತ್ರದಿಂದಲ್ಲ, ಅದರ ಮುಂದಿನ ಮೇಜಿನಿಂದ. ಬೆಲ್ಟ್ ಬಿಚ್ಚುವುದು, ಲ್ಯಾಪ್‌ಟಾಪ್ ಹೊರತೆಗೆಯುವುದು, ಮಗುವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಜೇಬಿನ ಚಿಲ್ಲರೆಯನ್ನು ಟ್ರೇಗೆ ಸುರಿಯುವುದು, ಇವೆಲ್ಲ ನಡೆಯುವುದು ಆ ಮೇಜಿನ ಮೇಲೆ. ಅಲ್ಲಿ ಒಬ್ಬರಿಗೆ ಅರ್ಧ ನಿಮಿಷ ಹೆಚ್ಚಾದರೆ ಹಿಂದಿನವರಿಗೆಲ್ಲ ಅರ್ಧರ್ಧ ನಿಮಿಷ ಹೆಚ್ಚಾಗುತ್ತದೆ. 2024-25ರಲ್ಲಿ ಈ ನಿಲ್ದಾಣದಲ್ಲಿ ಓಡಾಡಿದವರು 4 ಕೋಟಿಗೂ ಹೆಚ್ಚು, ಅಂದರೆ ದಿನವೊಂದಕ್ಕೆ ಸರಾಸರಿ ಒಂದು ಲಕ್ಷ ದಾಟಿದ ಜನ. ಆ ಲಕ್ಷ ಜನ ಇಪ್ಪತ್ನಾಲ್ಕು ಗಂಟೆಗೂ ಸಮನಾಗಿ ಹಂಚಿಕೊಂಡು ಬಂದರೆ ನನ್ನ ಕಾರ್ಡುಗಳಿಗೆ ಕೆಲಸವೇ ಇರುತ್ತಿರಲಿಲ್ಲ. ಅವರು ಬರುವುದು ಬೆಳಗ್ಗೆ ಮತ್ತು ಸಂಜೆ, ಸಂತೆಗೆ ಬಂದಂತೆ ಒಟ್ಟಿಗೆ.

ನಾಲ್ಕೂಮುಕ್ಕಾಲರ ಹೊತ್ತಿಗೆ ಒಳಗೆ ಸುದ್ದಿ ಹರಡಿತು: ರನ್‌ವೇಯಲ್ಲಿ ಕಾಣುವ ದೂರ ನೂರು ಮೀಟರ್‌ಗಿಂತ ಕೆಳಗಿಳಿದಿದೆ. 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದ ದಕ್ಷಿಣದ ರನ್‌ವೇಗೆ ಆಮೇಲೆ ಕ್ಯಾಟ್ ಮೂರು-ಬಿ ಎಂಬ ದರ್ಜೆಯ ವ್ಯವಸ್ಥೆಯನ್ನು ಅಳವಡಿಸಿದ್ದಾರೆ. ಅದರಿಂದಾಗಿ 50 ಮೀಟರ್ ಕಂಡರೂ ವಿಮಾನ ಇಳಿಯಬಹುದು, ಆದರೆ ಮೇಲೇರಲು 125 ಮೀಟರ್ ಕಾಣಲೇಬೇಕು. ಅದೂ ಆ ವಿಮಾನಕ್ಕೂ ಅದನ್ನು ನಡೆಸುವ ಪೈಲಟ್‌ಗಳಿಗೂ ಅದಕ್ಕೆ ತಕ್ಕ ಅರ್ಹತೆ ಇದ್ದರೆ ಮಾತ್ರ. ಹೀಗೆ ರನ್‌ವೇ ತೆರೆದಿದ್ದರೂ ಕೆಲವು ವಿಮಾನಗಳು ಇಳಿಯುತ್ತವೆ, ಕೆಲವು ಚೆನ್ನೈಯಂಥ ಬೇರೆ ಊರಿನ ಕಡೆ ತಿರುಗುತ್ತವೆ, ರಾತ್ರಿಯೆಲ್ಲ ಇಲ್ಲೇ ನಿಂತಿದ್ದ ವಿಮಾನಗಳು ಹೊರಡಲಾಗದೆ ನಿಂತೇ ಇರುತ್ತವೆ. ಒಂದು ವಿಮಾನ ದಿನಕ್ಕೆ ಐದಾರು ಊರುಗಳ ನಡುವೆ ಓಡಾಡುವುದರಿಂದ ಬೆಳಗಿನ ಎರಡು ಗಂಟೆಯ ತಡ ಸಂಜೆ ಬೇರಾವುದೋ ಊರಿನಲ್ಲಿ ಕಾಯುತ್ತಿರುವವರ ತಲೆಯ ಮೇಲೂ ಬೀಳುತ್ತದೆ.

ನನ್ನ ಸಾಲಿನ ಮಟ್ಟಿಗೆ ಇದರ ಅರ್ಥ ಸರಳವಾಗಿತ್ತು. ಹೊರಗಿನಿಂದ ಜನ ಬರುತ್ತಲೇ ಇದ್ದರು, ಒಳಗಿದ್ದವರು ಹೊರಡುತ್ತಿರಲಿಲ್ಲ. ಐದೂವರೆಯ ಹೊತ್ತಿಗೆ ತಪಾಸಣೆಯ ಆಚೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಕಂಬಗಳ ಬುಡದಲ್ಲಿ ಜನ ಶಾಲು ಹಾಸಿಕೊಂಡು ಕುಳಿತಿದ್ದರು.

ಸುಮಾರು ಅದೇ ಹೊತ್ತಿಗೆ ನಾನು ಕೊಟ್ಟಿದ್ದ ಕಾರ್ಡೊಂದು ಮೇಜಿನ ಹತ್ತಿರ ನಿಂತುಬಿಟ್ಟಿತು. ಅದನ್ನು ಹಿಡಿದಿದ್ದವರು ಎಪ್ಪತ್ತರ ಆಸುಪಾಸಿನ ಹಿರಿಯರು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಅವರ ಬಟ್ಟೆಯ ಚೀಲದಲ್ಲಿ ಉಂಡೆ ಕೊಬ್ಬರಿ ಇತ್ತು. ಹದಿನಾಲ್ಕು ಗಿಟಕು, ಒಂದೊಂದೂ ಮುಷ್ಟಿಗಾತ್ರ, ಕಂದು ಸಿಪ್ಪೆಯ ಮೇಲೆ ಎಣ್ಣೆಯ ನುಣುಪು. ಚೀಲದ ಬಾಯಿ ಬಿಚ್ಚಿದೊಡನೆ ಆ ವಾಸನೆ ನನ್ನವರೆಗೂ ಬಂದಿತು. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಕೈಚೀಲದಲ್ಲೂ ಒಯ್ಯುವಂತಿಲ್ಲ, ಸಾಮಾನಿನ ಜೊತೆಗೂ ಹಾಕುವಂತಿಲ್ಲ. ಭದ್ರತಾ ಸಿಬ್ಬಂದಿ ಹಿಂದಿಯಲ್ಲಿ ಅದನ್ನೇ ಸಮಾಧಾನದಿಂದ ಹೇಳುತ್ತಿದ್ದರು. ಹಿರಿಯರಿಗೆ ಅರ್ಥವಾದದ್ದು ಒಂದೇ, ಇದನ್ನು ಕಿತ್ತುಕೊಳ್ಳುತ್ತಾರೆ ಎಂಬುದು. ಅವರು ಚೀಲದ ಬಾಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಮೇಡಂ ಕಣ್ಸನ್ನೆ ಮಾಡಿದರು, ನಾನು ಹತ್ತಿರ ಹೋದೆ.

"ಅಜ್ಜ, ಎಲ್ಲಿಗೆ ಹೊರಟಿದ್ದೀರಿ?"

"ಪುಣೆಗೆ ಕಣವ್ವ. ಮಗಳು ಬಾಣಂತಿ. ಅಂಟಿನುಂಡೆ ಮಾಡಕ್ಕೆ ನಮ್ಮ ತೋಟದ್ದೇ ಕೊಬ್ಬರಿ. ತಿಪಟೂರಿಂದ ತಂದಿದೀನಿ. ಇದೇನು ಬಾಂಬಾ?"

ನನಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ಅವರ ಮಾತಿಗೆ ಇಳಿಸಿ ಹೇಳಲು ಪ್ರಯತ್ನಿಸಿದೆ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಒತ್ತೊತ್ತಾಗಿ ತುಂಬಿಟ್ಟರೆ ಹೊರಗಿನಿಂದ ಬೆಂಕಿ ತಾಗದಿದ್ದರೂ ಒಳಗೊಳಗೇ ಬಿಸಿಯಾಗುತ್ತದೆ, ಆದ್ದರಿಂದ ಜಗತ್ತಿನ ವಿಮಾನ ಸಾಗಣೆಯ ನಿಯಮಗಳೇ ಅದನ್ನು ತಾನಾಗಿ ಕಾವೇರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿವೆ, ಮೇಲೆ ಹೋದ ವಿಮಾನದಲ್ಲಿ ಹಾಗೇನಾದರೂ ಆದರೆ ಇಳಿದು ಓಡಲು ಜಾಗವಿಲ್ಲ ಎಂದೆ. ಹಿರಿಯರು ಒಂದು ಗಿಟಕನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡರು. ಅವರ ಮುಖದ ಬಿಗಿ ಸಡಿಲವಾಗುವುದನ್ನು ನಾನು ಕಣ್ಣಾರೆ ಕಂಡೆ.

"ಅದು ದಿಟ ಕಣವ್ವ," ಎಂದರು. "ಕಾಯಿನ ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರ್ತೀವಿ, ಒಣಗಿ ಒಳಗೇ ಉಂಡೆಯಾಗೋವರೆಗೂ. ಸರಿಯಾಗಿ ಒಣಗದ್ದನ್ನ ಮೂಟೆ ಕಟ್ಟಿಬಿಟ್ರೆ ಕೈ ಹಾಕಿದರೆ ಬಿಸಿ ತಾಗುತ್ತೆ. ನಮ್ಮಪ್ಪ ಮೂಟೆ ಬಿಚ್ಚಿ ಹರಡಿಸ್ತಿದ್ರು. ಇದನ್ನ ಮೊದಲೇ ಹೇಳಬಾರದಿತ್ತಾ?"

ನಾನು ಪುಸ್ತಕದಿಂದ ಕಲಿತದ್ದನ್ನು ಅವರು ಹುಡುಗರಿದ್ದಾಗಲೇ ಕೈಯಲ್ಲಿ ಮುಟ್ಟಿ ತಿಳಿದಿದ್ದರು. ಅವರು ಸಿಟ್ಟಾಗಿದ್ದು ನಿಯಮದ ಮೇಲಲ್ಲ, ಕಾರಣ ಹೇಳದೆ ಬೇಡ ಎಂದ ಮಾತಿನ ಮೇಲೆ.

ಮಾಮೂಲಿ ದಿನವಾಗಿದ್ದರೆ ಆ ಕೊಬ್ಬರಿ ಅಲ್ಲಿಯ ಡಬ್ಬಕ್ಕೆ ಬೀಳುತ್ತಿತ್ತು. ಅಂದು ಅವರ ವಿಮಾನವೂ ಮಂಜಿಗೆ ಸಿಕ್ಕಿ ತಡವಾಗಿತ್ತು, ಅವರನ್ನು ಬಿಡಲು ಬಂದ ಅಣ್ಣನ ಮಗ ಅದೇ ಮಂಜಿನ ದೆಸೆಯಿಂದ ಕಾರು ಹೊರಡಿಸದೆ ಪಾರ್ಕಿಂಗ್‌ನಲ್ಲೇ ಕುಳಿತಿದ್ದರು. ವಿಮಾನ ಸಂಸ್ಥೆಯ ಸಿಬ್ಬಂದಿಯೊಬ್ಬರು ಚೀಲವನ್ನು ಪ್ರವೇಶದ್ವಾರದವರೆಗೆ ಒಯ್ದು ಅವರ ಕೈಗೆ ಕೊಟ್ಟು ಬಂದರು. ಉಂಡೆಯನ್ನೇ ಕಟ್ಟಿಸಿಕೊಂಡು ಮುಂದಿನ ತಿಂಗಳು ರೈಲಿನಲ್ಲಿ ಹೋಗುವುದಾಗಿ ಹಿರಿಯರು ಹೇಳಿದರು. ನನ್ನ ಹಳದಿ ಕಾರ್ಡನ್ನು ಅವರು ಜೇಬಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು, ಅದೂ ಒಂದು ಟಿಕೆಟ್ ಎಂದು ತಿಳಿದು. ಹಿಂದೆ ಪಡೆದಾಗ ಲೆಕ್ಕಕ್ಕೆ ಸಿಕ್ಕಿದ್ದು 31 ನಿಮಿಷ.

ಆಮೇಲೆ ಮೇಡಂ ನನ್ನನ್ನು ಸಾಲಿನಿಂದ ತೆಗೆದು ಗೇಟುಗಳ ಕಡೆ ಕಳಿಸಿದರು, ಅಲ್ಲಿ ಜನಸಂದಣಿ ಎಷ್ಟಿದೆ ಎಂದು ನೋಡಿ ಬರಲು. ನನ್ನ ಪಾಲಿಗೆ ಅಂದಿನ ನಿಜವಾದ ಪಾಠ ನಡೆದದ್ದು ಅಲ್ಲಿ, ಅಕ್ಕಪಕ್ಕದ ಎರಡು ಗೇಟುಗಳಲ್ಲಿ. ಎರಡೂ ಬೇರೆ ಬೇರೆ ಸಂಸ್ಥೆಗಳವು, ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ ಜನ, ಅಷ್ಟೇ ತಡ.

ಮೊದಲ ಗೇಟಿನ ಫಲಕದಲ್ಲಿ 6:10 ಎಂದಿದ್ದದ್ದು 6:50 ಆಯಿತು, ಆಮೇಲೆ 7:30 ಆಯಿತು. ಪ್ರತಿ ಸಲವೂ ಕೌಂಟರಿನಿಂದ ಬಂದ ಉತ್ತರ ಕಾರ್ಯಾಚರಣೆಯ ಕಾರಣ ಎಂಬ ಎರಡು ಪದ. ಮೂರನೆಯ ಸಲ ವೇಳೆ ಬದಲಾದಾಗ ಒಬ್ಬರು ಮೇಜು ಗುದ್ದಿದರು, ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಲು ಶುರುಮಾಡಿದರು, ಕೌಂಟರಿನಲ್ಲಿದ್ದ ಹುಡುಗಿಯ ಕಣ್ಣು ತುಂಬಿತ್ತು. ಅವಳ ತಪ್ಪೇನೂ ಇರಲಿಲ್ಲ. ಹೇಳು ಎಂದು ಅವಳಿಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ.

ಪಕ್ಕದ ಗೇಟಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಾದ ಒಬ್ಬ ಯುವಕ ಮೈಕು ಬಿಟ್ಟು ಜನರ ನಡುವೆ ಬಂದು ನಿಂತಿದ್ದ. ಇಪ್ಪತ್ತು ನಿಮಿಷಕ್ಕೊಮ್ಮೆ, ಹೊಸ ಸುದ್ದಿ ಇರಲಿ ಇಲ್ಲದಿರಲಿ, ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳುತ್ತಿದ್ದ: "ನಮ್ಮ ವಿಮಾನ ಇಲ್ಲೇ ಇದೆ, ಪೈಲಟ್ ಕೂಡ ಇದ್ದಾರೆ. ಹೊರಡಲು 125 ಮೀಟರ್ ಕಾಣಬೇಕು. ಈಗ 75 ಕಾಣುತ್ತಿದೆ." ಮುಂದಿನ ಸಲ ಅದು 100 ಆಗಿತ್ತು. ಅದರ ಮುಂದಿನ ಸಲ ಮತ್ತೆ 75ಕ್ಕೆ ಇಳಿಯಿತು ಎಂದಾಗಲೂ ಯಾರೂ ಅವನ ಮೇಲೆ ರೇಗಲಿಲ್ಲ. ಒಬ್ಬ ತಾಯಿ ತನ್ನ ಮಗನನ್ನು ಗಾಜಿನ ಗೋಡೆಯ ಹತ್ತಿರ ನಿಲ್ಲಿಸಿ, ಆಚೆಯ ವಿಮಾನದ ಬಾಲ ಕಂಡರೆ ಹೇಳು ಎಂದಿದ್ದರು, ಆ ಹುಡುಗ ಅದನ್ನೇ ಕೆಲಸವನ್ನಾಗಿ ಮಾಡಿಕೊಂಡು ಕಣ್ಣು ಕದಲಿಸದೆ ನಿಂತಿದ್ದ. ತಡ ಎರಡು ಗಂಟೆ ಮುಟ್ಟುತ್ತಿದ್ದಂತೆ ಉಪ್ಪಿಟ್ಟು, ನೀರು ಬಂದವು. ಕಡಿಮೆ ದೂರದ ಪಯಣದಲ್ಲಿ ಎರಡು ಗಂಟೆಯ ತಡವಾದರೆ ತಿಂಡಿ ಕೊಡಬೇಕೆಂಬುದು ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ, ಕಾರಣ ಮಂಜೇ ಆಗಿದ್ದರೂ. ಅದನ್ನೂ ಆತ ಯಾರೂ ಕೇಳುವ ಮೊದಲೇ ತಿಳಿಸಿದ್ದ.

ನಾನು ಓದಿದ ಸರತಿ ಸಿದ್ಧಾಂತದಲ್ಲಿ, ಅಂದರೆ ಸಾಲಿನಲ್ಲಿ ಕಾಯುವುದರ ಗಣಿತದಲ್ಲಿ, ಈ ಎರಡು ಗೇಟುಗಳಿಗೂ ಒಂದೇ ಸಂಖ್ಯೆ. ಕಣ್ಣಿಗೆ ಕಂಡದ್ದು ಎರಡು ಬೇರೆ ಬೇರೆ ಬೆಳಗುಗಳು. ಕಾಯುವುದು ಎಂಬುದನ್ನು ನಿಮಿಷಗಳಲ್ಲಷ್ಟೇ ಅಳೆಯುವ ನನ್ನ ಕೆಲಸ ಅರ್ಧ ಮಾತ್ರ ಎಂದು ನನಗೆ ಗಾಢವಾಗಿ ಅನಿಸಿತು, ಈಗಲೂ ಹಾಗೆಯೇ ಅನಿಸುತ್ತದೆ. ಜನರಿಗೆ ತಾಳ್ಮೆ ಇಲ್ಲ ಎಂದು ಸಿಬ್ಬಂದಿಯ ಕೋಣೆಯಲ್ಲಿ ಆಗಾಗ ಕೇಳಿದ್ದೇನೆ, ಆ ಮಾತನ್ನು ನಾನು ಒಪ್ಪುವುದಿಲ್ಲ.

ಎಂಟು ಗಂಟೆ ದಾಟಿದ ಮೇಲೆ ಬಿಸಿಲು ನೆಲಕ್ಕೆ ತಾಗಿತು. ಮಂಜು ಮೇಲಿನಿಂದಲ್ಲ, ಕೆಳಗಿನಿಂದ ಕರಗುತ್ತದೆ ಎಂಬುದನ್ನು ನಾನು ಅಂದು ಗಾಜಿನಾಚೆ ನೋಡಿದೆ. ಮೊದಲು ವಿಮಾನಗಳ ಚಕ್ರಗಳು, ಆಮೇಲೆ ಹೊಟ್ಟೆ, ಎಲ್ಲದರ ನಂತರ ಬಾಲ. ಗಾಜಿನ ಹತ್ತಿರ ನಿಂತಿದ್ದ ಹುಡುಗ "ಅಮ್ಮಾ, ಬಾಲ!" ಎಂದು ಕೂಗಿದಾಗ ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಲ್ಲಿಂದ ಮಧ್ಯಾಹ್ನದವರೆಗೂ ಒಂದೇ ಓಟ. ಏರುವ ವಿಮಾನಗಳ ಸಾಲು, ಚೆನ್ನೈಯಿಂದ ಹಿಂತಿರುಗಿದವರ ಸಾಲು, ಬ್ಯಾಗಿನ ಬೆಲ್ಟುಗಳ ಮುಂದೆ ಮೂರು ಪದರ ಜನ.

ಷಿಫ್ಟ್ ಮುಗಿಯುವಾಗ ನನ್ನ ಹಾಳೆಯನ್ನು ಮೇಡಂ ಮುಂದಿಟ್ಟೆ. ಸಾಲಿಗೆ ಸೇರಿದ ವೇಳೆ, ಬಾಗಿಲು ಮುಟ್ಟಿದ ವೇಳೆ, ಕಳೆದ ನಿಮಿಷ, ಹೀಗೆ ಮೂರು ಕಾಲಂ. ತಡವಾದಾಗ ಜನರಿಗೆ ಕಾರಣ ಯಾವಾಗ ಗೊತ್ತಾಯಿತು ಎಂಬುದನ್ನೂ ಬರೆದುಕೊಳ್ಳಬಹುದೇ ಎಂದು ಕೇಳಿ, ಎರಡು ಗೇಟುಗಳ ವಿಷಯ ಹೇಳಿದೆ. ಅವರು ತಕ್ಷಣ ಏನೂ ಹೇಳಲಿಲ್ಲ. ಹನ್ನೊಂದು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿರುವವರು ಅವರು. ಆಮೇಲೆ ಸ್ಕೇಲು ತೆಗೆದುಕೊಂಡು ಹಾಳೆಯ ಬಲ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದು, ತಲೆಯಲ್ಲಿ ತಮ್ಮ ಕೈಯಲ್ಲೇ "ಕಾರಣ ತಿಳಿಸಿದ ವೇಳೆ" ಎಂದು ಬರೆದರು.

ಮರುದಿನ ಮಂಜು ಇರಲಿಲ್ಲ, ಆ ಕಾಲಂ ಖಾಲಿ ಉಳಿಯಿತು. ಮೂರನೆಯ ದಿನ ಮತ್ತೆ ಕವಿಯಿತು. ಅಂದು ಅದರಲ್ಲಿ ನಾನು ಬರೆದ ಮೊದಲ ವೇಳೆ 5:20.